ಅತ್ತೆಯ ಕಿವಿಗೆ ಪೋರ್ಟಬಲ್

"ಇನ್ನು ಈ ಜನ್ಮದಲ್ಲಿ ನಾನು ಏನನ್ನೂ ಇನ್‌ಸ್ಟಾಲ್ ಮಾಡೋದಿಲ್ಲ!"

ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಕುಳಿತು ಹೀಗೆಂದು ಘೋಷಿಸಿದವನು ಶ್ರವಣಯಂತ್ರದ ಅಂಗಡಿಯ ತಂತ್ರಜ್ಞ. ಕಿವಿ ಮಂದವಾದವರು ತಂದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಅವರವರ ಕಿವಿಗೆ ಒಗ್ಗುವಂತೆ ಸದ್ದು ಹೊಂದಿಸಿಕೊಡುವುದು ಅವನ ಕೆಲಸ. ಘೋಷಣೆ ಮುಗಿದ ಮೇಲೆ ಜೇಬಿನಿಂದ ಹೆಬ್ಬೆರಳುದ್ದದ ಪೆನ್‌ಡ್ರೈವ್ ತೆಗೆದು, ವಿಜಯಸ್ತಂಭದಂತೆ ಉಪ್ಪಿನ ಡಬ್ಬಿಯ ಪಕ್ಕ ನಿಲ್ಲಿಸಿದ.

"ಅಂಗಡೀಲಿ ಇನ್‌ಸ್ಟಾಲ್ ಆಗಿರೋ ಸಾಫ್ಟ್‌ವೇರ್ ಗೋಡೆಗೆ ಹೊಡೆದ ಕಪಾಟು ಇದ್ದಂತೆ. ಊರಿನ ಕಿವಿಯೆಲ್ಲ ಅದರ ಹತ್ತಿರ ಹೋಗಬೇಕು. ಇದು ಪೋರ್ಟಬಲ್! ಎಲ್ಲಿ ಚುಚ್ಚಿದರೆ ಅಲ್ಲೇ ಅಂಗಡಿ!"

"ಮೊದಲು ಆ ಡಬ್ಬಿ ಈ ಕಡೆ ಕೊಡಿ" ಎಂದಳು ಹೆಂಡತಿ.

ಅವಳು ಶಾಲೆಯ ಟೀಚರು. ಅವಳ ಗಂಟಲಿನಲ್ಲಿ ಗಂಟು ಆಗಿದೆ, ದನಿಗೆ ವಿಶ್ರಾಂತಿ ಕೊಡದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ತರಗತಿಯಲ್ಲಿ ನಲವತ್ತು ಮಕ್ಕಳು, ಮನೆಯಲ್ಲಿ ತಾಯಿ. ಮಕ್ಕಳಾದರೂ ಸಂಜೆ ಮನೆಗೆ ಹೋಗುತ್ತಿದ್ದವು!

ತಾಯಿ, ಅಂದರೆ ತಂತ್ರಜ್ಞನ ಅತ್ತೆ, ಆರು ವರ್ಷದಿಂದ ಇವರ ಜೊತೆಯಲ್ಲೇ ಇದ್ದರು. ಕಿವಿ ಮಂದವಾಗಿ ಎರಡು ವರ್ಷ. ಅಳಿಯ ತಂದುಕೊಟ್ಟ ಶ್ರವಣಯಂತ್ರ ಪೆಟ್ಟಿಗೆಯಲ್ಲೇ ಮಲಗಿತ್ತು. ಅದನ್ನು ಹೊಂದಿಸಬೇಕಾದರೆ ಅಂಗಡಿಗೆ ಹೋಗಬೇಕು, ಹೋಗಬೇಕಾದರೆ ಮೂರು ಮಹಡಿ ಇಳಿಯಬೇಕು. ಅತ್ತೆಯ ಮಂಡಿ ಒಪ್ಪುತ್ತಿರಲಿಲ್ಲ. ಹಾಗಾಗಿ "ಅಮ್ಮಾ, ನೀರು ಕಾದಿದೆ!" ಎಂದು ಮಗಳು ಕೂಗಿದರೆ, ಎದುರಿನ ಕ್ಷೌರದಂಗಡಿಯವನು "ಕಾದಿದೆಯಂತಮ್ಮಾ!" ಎಂದು ಕತ್ತರಿ ಹಿಡಿದುಕೊಂಡೇ ದನಿಗೂಡಿಸುತ್ತಿದ್ದ. ಅತ್ತೆಗೆ ಹೇಳಬೇಕಾದದ್ದನ್ನು ಹೀಗೆ ಕೂಗಿ ಹೇಳುತ್ತಿದ್ದರು. ಹೇಳಬಾರದ್ದನ್ನು ಮಾಮೂಲಿ ದನಿಯಲ್ಲಿ, ಬೀರುವಿನ ಮುಂದೆ ಮಾತಾಡಿದಷ್ಟು ನಿಶ್ಚಿಂತೆಯಿಂದ, ಅವರೆದುರೇ ಮಾತಾಡುತ್ತಿದ್ದರು.

"ನೋಡಿ, ನನ್ನ ಗಂಟಲು ಇನ್ನು ತಡೆಯೋಲ್ಲ" ಎಂದಳು ಹೆಂಡತಿ. "ಈ ವಾರದಲ್ಲಿ ಅಮ್ಮನಿಗೆ ಕೇಳಿಸಿದ್ರೆ ಅಮ್ಮ ಇಲ್ಲೇ ಇರಲಿ. ಇಲ್ಲಾಂದ್ರೆ ಅಣ್ಣನೇ ಬಂದು ಕರ್ಕೊಂಡು ಹೋಗಲಿ."

"ಅಣ್ಣ ಯಾಕೆ? ನಾನಿಲ್ವಾ?" ಎಂದು ತಂತ್ರಜ್ಞ ಎದೆ ತಟ್ಟಿಕೊಂಡ.

ಅಂಗಡಿಯ ಒಡತಿ ಹಿಂದಿನ ದಿನವೇ ಎಚ್ಚರಿಸಿದ್ದರು. "ನೀವು ಒಯ್ತಿರೋದು ಸಾಫ್ಟ್‌ವೇರಿನ ಅರ್ಧ ಭಾಗ ಕಣ್ರೀ. ಸದ್ದು ಬರೆಯೋಕೆ ಬರುತ್ತೆ ಅಷ್ಟೇ. ಯಂತ್ರದ ಒಳಗೇನಿದೆ ಅಂತ ಓದಿ ನೋಡೋಕೆ ಇಲ್ಲಿ ಇನ್‌ಸ್ಟಾಲ್ ಆಗಿರೋದೇ ಬೇಕು."

"ಬರೆದವನಿಗೆ ಓದೋದೇನಿದೆ ಮೇಡಂ!" ಎಂದು ನಕ್ಕು ಬಂದಿದ್ದ ಈ ಮಹಾನುಭಾವ.

ಸರಿ, ಊಟದ ಮೇಜೇ ಆಸ್ಪತ್ರೆಯಾಯಿತು. ಯಂತ್ರಕ್ಕೆ ವೈರು, ವೈರಿಗೆ ಲ್ಯಾಪ್‌ಟಾಪು, ಲ್ಯಾಪ್‌ಟಾಪಿಗೆ ಪೆನ್‌ಡ್ರೈವು. ಹಸಿರು ಪಟ್ಟಿ ತುಂಬಿತು. ವೈರು ಬಿಚ್ಚಿ ಯಂತ್ರವನ್ನು ಅತ್ತೆಯ ಕಿವಿಗಿಟ್ಟು, ಅವನು ಅವರ ಬೆನ್ನ ಹಿಂದೆ ಹೋಗಿ ನಿಂತ. ಅಂಗಡಿಯ ಪದ್ಧತಿಯೇ ಹಾಗೆ. ತುಟಿ ಕಾಣದ ಹಾಗೆ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ ಏನಾದರೂ ಹೇಳಬೇಕು. ಕೇಳಿಸಿದವರು ತಿರುಗಿ ನೋಡುತ್ತಾರೆ. ಗಿರಾಕಿಗಳಿಗಾದರೆ "ಇವತ್ತು ಬಿಸಿಲು ಜಾಸ್ತಿ" ಎನ್ನುತ್ತಿದ್ದ. ಮನೆಯವರಿಗೆ ಬಿಸಿಲಿನ ಉಪಚಾರ ಏಕೆ? ಬಾಯಿಗೆ ಬಂದದ್ದನ್ನು ಹೇಳಿದ.

"ಈ ಮುದುಕಿಗೆ ನಿಜವಾಗಿ ಕೇಳಿಸೋಲ್ವೋ, ನಮ್ಮನ್ನ ಕುಣಿಸೋಕೆ ನಾಟಕವೋ! ಆರು ವರ್ಷ ಸಾಕಾಯ್ತಪ್ಪ!"

ಹೆಂಡತಿ "ಥೂ, ಸುಮ್ನಿರಿ" ಎಂದಳು. ಎಂದು, ಕಿಸಕ್ಕನೆ ನಕ್ಕಳು.

ಅತ್ತೆ ತಿರುಗಲಿಲ್ಲ. ಅವನು ಮುಂದೆ ಬಂದು, "ಅತ್ತೇ! ಕೇಳಿಸ್ತಾ?" ಎಂದು ಕೂಗಿದ. ಅತ್ತೆ ಮಗಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಇಲ್ಲಪ್ಪ" ಎಂದರು. "ಏನೂ ಕೇಳಿಸ್ಲಿಲ್ಲ."

ಪೆನ್‌ಡ್ರೈವ್ ಕಿತ್ತಾಗ ಪರದೆಯ ಮೇಲೆ 'ಉಳಿಸಲಾಗಿಲ್ಲ' ಎಂಬ ಕೆಂಪು ಅಕ್ಷರ ಮೂಡಿತು. ತಂತ್ರಜ್ಞ ಮೇಜು ಗುದ್ದಿದ. "ನೋಡಿದ್ಯಾ! ಯಂತ್ರಕ್ಕೆ ಬರೆದದ್ದು ಉಳೀಲೇ ಇಲ್ಲ! ಬೇರೆ ಪೋರ್ಟಬಲ್ ತರ್ತೀನಿ ಇರು."

ಸೋಮವಾರ ಬೇರೆ ಪೋರ್ಟಬಲ್ ಬಂತು. ಸದ್ದು ಎರಡು ಮೆಟ್ಟಿಲು ಏರಿತು. ಅತ್ತೆ "ಇಲ್ಲಪ್ಪ" ಎಂದರು. ಮಂಗಳವಾರ ಮತ್ತೊಂದು ಬಂತು, ಇನ್ನೂ ಮೂರು ಮೆಟ್ಟಿಲು. "ಇಲ್ಲಪ್ಪ." ಸಿಂಕಿನಲ್ಲಿ ಸೌಟು ಬಿದ್ದರೆ ಅತ್ತೆ ಕುರ್ಚಿಯಿಂದ ಗೇಣುದ್ದ ಮೇಲೇಳತೊಡಗಿದರು. "ನರ ದುರ್ಬಲ" ಎಂದು ತಂತ್ರಜ್ಞ ವೈದ್ಯನೂ ಆದ. ಮಗಳು "ಅಮ್ಮಾ, ಊಟ!" ಎಂದು ಗಂಟಲು ಹರಿದುಕೊಂಡರೆ ಅವರು ಎರಡು ಕೈಯಲ್ಲೂ ತಲೆ ಹಿಡಿದುಕೊಳ್ಳುತ್ತಿದ್ದರು. ಆದರೂ ಯಂತ್ರವನ್ನು ಕಿವಿಯಿಂದ ತೆಗೆಯುತ್ತಿರಲಿಲ್ಲ.

"ಕೇಳಿಸದೇ ಇದ್ರೂ ಹಾಕ್ಕೊಂಡಿದ್ದಾರೆ ನೋಡು" ಎಂದು ಅವನು ಹೆಂಡತಿಯ ಮುಂದೆ ಕರಗಿ ನೀರಾದ. "ನನ್ನ ಮನಸ್ಸು ನೋಯಬಾರದು ಅಂತ!"

ಬುಧವಾರ ಹೆಂಡತಿ ಅಣ್ಣನಿಗೆ ಫೋನ್ ಮಾಡಿದಳು. ಗಂಟಲಿಗೆ ಶ್ರಮವಾಗಬಾರದೆಂದು ಸ್ಪೀಕರ್ ಹಾಕಿ, ಫೋನನ್ನು ಮೇಜಿನ ಮೇಲಿಟ್ಟಳು. ಅತ್ತೆ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕಾಳು ಆರಿಸುತ್ತಿದ್ದರು.

"ಶನಿವಾರ ಬರ್ತೀನಿ" ಎಂದಿತು ಅಣ್ಣನ ದನಿ. "ರೂಮಂತೂ ಇಲ್ಲ. ಬಾಲ್ಕನಿಗೆ ಗಾಜು ಹಾಕ್ಸಿ ಮಂಚ ಹಾಕ್ತೀನಿ. ಅಮ್ಮನಿಗೆ ಹೇಳಿದ್ದೀಯಾ?"

"ಹೇಳಿದ್ರೆ ಅಳ್ತಾಳೆ. ನೀನು ಬಂದ್ಮೇಲೆ, ಎರಡು ದಿನ ಇದ್ದು ಬಾ ಅಂತ ಹೇಳಿ ಕಳಿಸಿದ್ರಾಯ್ತು."

"ಬಟ್ಟೆ?"

"ಅದನ್ನ ಆಮೇಲೆ ಕಳಿಸ್ತೀನಿ."

ಅತ್ತೆ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು.

ಗುರುವಾರ ತಂತ್ರಜ್ಞನ ಮಾನದ ಪ್ರಶ್ನೆ! ಅವನು ಸದ್ದನ್ನು ಕೊನೆಯ ಮೆಟ್ಟಿಲಿಗೆ ಏರಿಸಿಬಿಟ್ಟ. ಇದಕ್ಕಿಂತ ಮೇಲೆ ಹೋಗಲು ಯಂತ್ರದಲ್ಲಿ ಜಾಗವೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಶೂ ಹಾಕಿಕೊಳ್ಳುತ್ತಿದ್ದಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಗಿತ್ತು. "ನಡಿಯಪ್ಪ, ನಿನ್ನ ಅಂಗಡಿಗೇ ಹೋಗೋಣ" ಎಂದರು. ಎರಡು ವರ್ಷ ಒಲ್ಲೆ ಎಂದ ಮಂಡಿಗಳು ಮೂರು ಮಹಡಿಯನ್ನು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಾಗಿ, ಅಳಿಯನ ಕೈಯನ್ನು ಬೇಡವೆಂದು ಸರಿಸಿ ಇಳಿದವು. ಹೆಂಡತಿಯೂ ಶಾಲೆಗೆ ರಜೆ ಹಾಕಿ ಹಿಂದೆಯೇ ಬಂದಳು.

ಒಡತಿ ಯಂತ್ರವನ್ನು ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದರು. ಪರದೆ ನೋಡಿದವರೇ ಹೌಹಾರಿದರು.

"ಏನ್ರೀ ಇದು, ಕೊನೇ ಮೆಟ್ಟಿಲಿಗೆ ಇಟ್ಟಿದ್ದೀರಿ! ಚಮಚ ಬಿದ್ರೂ ಗುಡುಗು ಹೊಡೆದ ಹಾಗಾಗುತ್ತೆ!"

"ಅದೆಲ್ಲಿ ಮೇಡಂ, ಯಂತ್ರದಲ್ಲಿ ಏನೂ ಉಳಿದೇ ಇಲ್ವಲ್ಲ! ಪ್ರತಿ ಸಲ 'ಉಳಿಸಲಾಗಿಲ್ಲ' ಅಂತ ಬಂತು."

"ಉಳೀದೇ ಇದ್ದದ್ದು ನಿಮ್ಮ ಪೆನ್‌ಡ್ರೈವಿನ ದಾಖಲೆ ಕಣ್ರೀ. ಯಂತ್ರಕ್ಕೆ ಬರೆದದ್ದು ಯಂತ್ರದಲ್ಲೇ ಇರುತ್ತೆ. ಪೋರ್ಟಬಲ್ ಆದ್ರೂ ಅಷ್ಟೇ, ಇನ್‌ಸ್ಟಾಲ್ ಆದ್ರೂ ಅಷ್ಟೇ. ಇಷ್ಟು ವರ್ಷ ಏನು ಕೆಲಸ ಮಾಡಿದ್ರಿ?" ಎಂದು ಒಡತಿ ಇನ್ನೊಂದು ಪುಟ ತೆರೆದರು. ಪೋರ್ಟಬಲ್‌ನಲ್ಲಿ ಆ ಪುಟವೇ ಇರಲಿಲ್ಲ. "ಇಲ್ಲಿ ನೋಡಿ, ಯಂತ್ರ ತಾನೇ ಲೆಕ್ಕ ಇಟ್ಟಿದೆ. ಭಾನುವಾರದಿಂದ ದಿನಕ್ಕೆ ಹದಿನಾಲ್ಕು ಗಂಟೆ ಹಾಕ್ಕೊಂಡಿದ್ದಾರೆ. ಮೊದಲ ದಿನದ ಸದ್ದೇ ಇವರ ಕಿವಿಗೆ ಸಾಕಾಗಿತ್ತು, ಎಲ್ಲಾ ಸ್ಪಷ್ಟವಾಗಿ ಕೇಳಿಸಿರುತ್ತೆ. ಯಂತ್ರಕ್ಕೆ ಬಿದ್ದ ಸದ್ದಿನಲ್ಲೂ ಮಾತೇ ಜಾಸ್ತಿ."

ತಂತ್ರಜ್ಞ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡುತ್ತಿದ್ದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಬಿಸಿಲಿನ ವಿಷಯವೂ ನೆನಪಾಗಲಿಲ್ಲ.

ಒಡತಿ ಸದ್ದನ್ನೆಲ್ಲ ಇಳಿಸಿ, ಯಂತ್ರವನ್ನು ಮೆಲ್ಲಗೆ ಅತ್ತೆಯ ಕಿವಿಗೆ ಕೂರಿಸಿ, ಪಿಸುದನಿಯಲ್ಲೇ ಕೇಳಿದರು. "ಎಷ್ಟಿಡಲಿ ಅಮ್ಮ?"

"ನಾಳೆ ನನ್ನ ಮಗ ಬಂದು ಬೆಲ್ ಮಾಡ್ತಾನೆ" ಎಂದರು ಅತ್ತೆ. "ಅದು ಕೇಳಿಸೋಷ್ಟು ಇಟ್ರೆ ಸಾಕಮ್ಮ. ಉಳಿದದ್ದೆಲ್ಲ ಕೇಳಿಸ್ಕೊಂಡಾಯ್ತು."