ಟಿ.ವಿ. ಮೇಲೆ ಕಾವಿಗೆ ಕೂತ ಹೇಂಟೆಯವರ ಸನ್ನಿಧಾನಕ್ಕೆ

ಮಾನ್ಯರೇ,

ತಳಿ ಎಂಬ ಊರಿನಿಂದ ಸ್ವಲ್ಪ ಆಚೆಗೆ, ಮಂಗಮ್ಮನವರ ದನದ ಕೊಟ್ಟಿಗೆಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ, ಕೆಂಪು ಪುಕ್ಕದ, ಎಡಗಾಲಿಗೆ ನೀಲಿ ದಾರ ಕಟ್ಟಿಸಿಕೊಂಡಿರುವ ತಮಗೆ, ಹೊಸೂರಿನಿಂದ ಜಯರಾಮಯ್ಯ ಎಂಬ ನಿವೃತ್ತ ನೌಕರನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಮಕ್ಕಳೂ ಕ್ಷೇಮವೆಂದು ಮಂಗಮ್ಮನವರಿಂದ ಆಗಾಗ ಕೇಳಿ ಸಂತೋಷಪಡುತ್ತಿದ್ದೇನೆ. ನಾನು ಮಾತ್ರ ಕ್ಷೇಮವಾಗಿಲ್ಲ. ಅದಕ್ಕೆ ಕಾರಣ ತಾವೇ ಆಗಿರುವುದರಿಂದ, ತಮಗೆ ಓದು ಬರುವುದಿಲ್ಲ ಎಂಬ ಸಣ್ಣ ತೊಡಕನ್ನು ಬದಿಗಿಟ್ಟು, ಈ ದೂರನ್ನು ಊರಿಗೆಲ್ಲ ಕಾಣುವಂತೆ ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ದಯವಿಟ್ಟು ಕೆದಕಬಾರದು.

ನನ್ನ ಪರಿಚಯ ತಮಗೆ ಇದ್ದೇ ಇದೆ, ಆದರೆ ನಮ್ಮ ಪರಿಚಯ ಒಳ್ಳೆಯ ಸಂದರ್ಭದಲ್ಲಿ ಆದದ್ದಲ್ಲ. ನಾನು ಮಧುಗಿರಿ ಕಡೆಯಿಂದ ಬಂದು, ಹೊಸೂರಿನ ಕಾರ್ಖಾನೆಯೊಂದರಲ್ಲಿ ಬ್ರೇಕಿನ ಬಿಡಿಭಾಗಗಳಲ್ಲಿ ತಪ್ಪು ಹುಡುಕುವ ಕೆಲಸವನ್ನು ಬಹಳ ವರ್ಷ ಮಾಡಿದವನು. ನಿವೃತ್ತನಾದ ಮೇಲೆ ತಪ್ಪು ಹುಡುಕುವುದಕ್ಕೆ ಮನೆಯಲ್ಲಿ ನನ್ನ ಹೆಂಡತಿ ರುಕ್ಮಿಣಮ್ಮ ಒಬ್ಬಳೇ ಉಳಿದಿದ್ದಳು. ಅದು ಕೈಕಾಲಿಗೆ ಕ್ಷೇಮಕರವಾದ ಉದ್ಯೋಗವಲ್ಲವೆಂದು ಬೇಗನೆ ತಿಳಿದು, ನನ್ನ ಇಪ್ಪತ್ತನೆಯ ವಯಸ್ಸಿನಿಂದ ಉಳಿದುಬಂದ ಒಂದು ಆಸೆಯನ್ನು ಕೈಗೆತ್ತಿಕೊಂಡೆ. ಆ ವಯಸ್ಸಿನಲ್ಲಿ ನಾನು ಬೆಂಗಳೂರಿನ ಅಂಗಡಿಯೊಂದರಲ್ಲಿ, ಮನೆಯಲ್ಲಿ ಇಟ್ಟುಕೊಳ್ಳುವ ಕಂಪ್ಯೂಟರನ್ನು ಮೊದಲ ಸಲ ಕಂಡಿದ್ದೆ. ಒಂದು ಮೊಳ ಉದ್ದವೂ ಇಲ್ಲದ ಕಪ್ಪು ಪೆಟ್ಟಿಗೆ, ಅದರ ಮೇಲೆ ಬೂದು ಬಣ್ಣದ ರಬ್ಬರ್ ಗುಂಡಿಗಳು. ಅದಕ್ಕೆ ಸ್ವಂತ ಪರದೆ ಇಲ್ಲ, ಟಿ.ವಿ.ಗೆ ಸಿಕ್ಕಿಸಬೇಕು; ಸ್ವಂತ ನೆನಪೂ ಇಲ್ಲ, ಟೇಪ್ ರೆಕಾರ್ಡರಿಗೆ ಸಿಕ್ಕಿಸಿ ಕ್ಯಾಸೆಟ್ಟಿನಿಂದ ತುಂಬಬೇಕು. ಅಂಗಡಿಯವರು ಕನಿಕರದಿಂದ ಒಂದೇ ಒಂದು ಗುಂಡಿ ಒತ್ತಲು ಬಿಟ್ಟರು. ಟಿ.ವಿ.ಯ ಮೇಲೆ ಒಂದು ಅಕ್ಷರ ಮೂಡಿತು. ನಾನು ಹೇಳಿದ್ದನ್ನು ಟಿ.ವಿ. ಕೇಳಿತು! ಆಮೇಲಿನ ನನ್ನ ಜೀವನದಲ್ಲಿ ನಾನು ಹೇಳಿದ್ದನ್ನು ಅಷ್ಟು ಬೇಗ ಯಾರೂ ಕೇಳಿದ್ದಿಲ್ಲ.

ಅಂಥದೇ ಪೆಟ್ಟಿಗೆಯೊಂದು ಹೋದ ವರ್ಷ ಮೊಬೈಲಿನಲ್ಲಿ ಮಾರಾಟಕ್ಕೆ ಕಂಡಿತು. ‘ಒಳ್ಳೆಯ ಸ್ಥಿತಿಯಲ್ಲಿದೆ, ಚಾಲೂ ಮಾಡಿ ನೋಡಿಲ್ಲ’ ಎಂದು ಮಾರುವವರು ಒಂದೇ ವಾಕ್ಯದಲ್ಲಿ ಬರೆದಿದ್ದರು. ಇಷ್ಟು ಪ್ರಾಮಾಣಿಕರಾದ ವ್ಯಾಪಾರಿಗಳು ಮತ್ತೆಲ್ಲಿ ಸಿಕ್ಕಾರು ಎಂದು ತರಿಸಿಯೇಬಿಟ್ಟೆ. ಜೊತೆಗೆ ಒಂದು ಟೇಪ್ ರೆಕಾರ್ಡರ್, ಮೇಲಿನ ಚೀಟಿ ಸವೆದುಹೋಗಿದ್ದ ಒಂದು ಕ್ಯಾಸೆಟ್ಟೂ ಬಂದವು. ರುಕ್ಮಿಣಮ್ಮ ಪೆಟ್ಟಿಗೆಯನ್ನು ತೂಕ ನೋಡುವ ಯಂತ್ರವೆಂದುಕೊಂಡು ಅದರ ಮೇಲೆ ಒಂದು ಕಾಲನ್ನೂ ಇಟ್ಟಿದ್ದಳು. ಇನ್ನೊಂದು ಕಾಲು ಇಡುವ ಮೊದಲು ನಾನು ಸ್ನಾನದ ಮನೆಯಿಂದ ಹೊರಬಂದೆ. ಅದು ಕಂಪ್ಯೂಟರ್ ಎಂದೂ, ಅವಳ ತಮ್ಮ ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯದ ಒಂದು ಎಸಳೂ ಇದರಲ್ಲಿ ಹಿಡಿಸುವುದಿಲ್ಲವೆಂದೂ ಹೆಮ್ಮೆಯಿಂದ ವಿವರಿಸಿದೆ. ಅವಳು ಎಲ್ಲವನ್ನೂ ಸಮಾಧಾನದಿಂದ ಕೇಳಿ, ಅದನ್ನು ನಾನು ಇಟ್ಟಿರುವುದು ತನ್ನ ಹೊಲಿಗೆಯ ಮೇಜಿನ ಮೇಲೆ ಎಂದಳು. ಗೌರಿಹಬ್ಬಕ್ಕೆ ತನ್ನ ತಂಗಿ ಬರುವುದರೊಳಗೆ ಅದು ಏನಾದರೂ ಮಾಡಿ ತೋರಿಸಬೇಕು, ಇಲ್ಲವಾದರೆ ಹಳೇ ಪಾತ್ರೆಯವರ ಗಾಡಿಗೆ ಹೋಗಬೇಕು ಎಂಬುದು ಅವಳ ತೀರ್ಪು.

ತೊಂದರೆ ಏನೆಂದರೆ, ನಮ್ಮ ಗೋಡೆಯ ಮೇಲಿನ ಚಪ್ಪಟೆ ಟಿ.ವಿ. ಈ ಪೆಟ್ಟಿಗೆಯನ್ನು ಗುರುತು ಹಿಡಿಯಲು ಖಡಾಖಂಡಿತವಾಗಿ ನಿರಾಕರಿಸಿತು. ಹಿಂದೆ ಬೆನ್ನು ಉಬ್ಬಿದ ಹಳೆಯ ಟಿ.ವಿ.ಯೇ ಬೇಕು. ಹೊಸೂರೆಲ್ಲ ತಿರುಗಿ, ಕೃಷ್ಣಗಿರಿಯಲ್ಲಿ ಟಿ.ವಿ. ಅಂಗಡಿ ಇಟ್ಟಿರುವ ಸುಬ್ರಮಣಿಯವರಲ್ಲಿಗೂ ಹೋದೆ. ಅವರು ನನಗೆ ಕಾಫಿ ಕೊಡಿಸಿ, ನನ್ನ ಬೇಡಿಕೆಯನ್ನು ಪೂರ್ತಿಯಾಗಿ ಕೇಳಿ, ಬಹಳ ಮರ್ಯಾದೆಯಿಂದ ತಮಿಳಿನಲ್ಲಿ ಮ್ಯೂಸಿಯಮ್ಮಿಗೆ ದಾರಿ ಹೇಳಿದರು.

ಆಗ ಮಧ್ಯೆ ಬಂದವರು ತಮ್ಮ ಯಜಮಾನಿ. ನಮ್ಮ ಬೀದಿಗೆ ಹುರುಳಿಕಾಯಿ, ಸೊಪ್ಪು ತರುವ ಮಂಗಮ್ಮನವರು, ರುಕ್ಮಿಣಮ್ಮ ನನ್ನ ಕಥೆಯನ್ನು ಬೀದಿಯ ಮನರಂಜನೆಗಾಗಿ ಹೇಳುತ್ತಿದ್ದಾಗ ಕೇಳಿಸಿಕೊಂಡು, ಸರ್ಕಾರದವರು ಹಿಂದೆ ಮನೆಮನೆಗೂ ಪುಕ್ಕಟೆಯಾಗಿ ಕೊಟ್ಟ ಬಣ್ಣದ ಟಿ.ವಿ. ತಮ್ಮ ಕೊಟ್ಟಿಗೆಯಲ್ಲಿ ಇದೆ, ಈಗಲೂ ಹತ್ತುತ್ತದೆ ಎಂದರು. ನಾನು ಮಾರನೆಯ ದಿನವೇ ತಳಿ ಬಸ್ಸು ಹತ್ತಿದೆ. ಟಿ.ವಿ. ಇತ್ತು. ಅದರ ಮೇಲೆ ಒಂದು ಮಂಕರಿ ಇತ್ತು. ಮಂಕರಿಯ ತುಂಬ ರಾಗಿಹುಲ್ಲು, ಹುಲ್ಲಿನ ಮೇಲೆ ಮೊಟ್ಟೆ, ಮೊಟ್ಟೆಗಳ ಮೇಲೆ, ರಾಜ್ಯಪಾಲರ ಗಾಂಭೀರ್ಯದಲ್ಲಿ, ತಾವು.

“ಟೀವಿ ತಕ್ಕೊಂಡೋಗಣ್ಣ, ಬ್ಯಾಡ ಅನ್ನಕಿಲ್ಲ,” ಎಂದರು ಮಂಗಮ್ಮನವರು. “ಯಾಟೆ ಎದ್ದ್ ಮ್ಯಾಗೆ.”

ಮಂಕರಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಆಗದೇ ಎಂದು ಕೇಳಿದೆ. ಕಾವಿಗೆ ಕೂತ ಕೋಳಿಯನ್ನು ಜಾಗ ಬದಲಾಯಿಸಿದರೆ ಅದು ಮುನಿಸಿಕೊಂಡು ಎದ್ದು ಹೋಗುತ್ತದೆ, ಮತ್ತೆ ಕೂರುವುದಿಲ್ಲ ಎಂದು ಅವರು ಹೇಳಿದರು. ಹೋದ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಅವರ ಕೋಳಿಗಳೆಲ್ಲ ಸತ್ತು, ತಾವೊಬ್ಬರೇ ಉಳಿದಿದ್ದಿರಂತೆ. ಪಕ್ಕದ ಊರಿನ ಹುಂಜದ ಕೃಪೆಯಿಂದ ತಾವು ಇಟ್ಟ ಈ ಮೊಟ್ಟೆಗಳಿಂದಲೇ ಮನೆಯಲ್ಲಿ ಮತ್ತೆ ಕೋಳಿ ಆಗಬೇಕಂತೆ. ಇಷ್ಟು ಕೇಳಿದ ಮೇಲೆ ಯಾವ ಮನುಷ್ಯ ಮಂಕರಿಗೆ ಕೈ ಹಾಕುತ್ತಾನೆ? ಆದರೆ ಗೌರಿಹಬ್ಬ ಹತ್ತಿರವಾಗುತ್ತಿತ್ತು. ಕೋಳಿ ಟಿ.ವಿ. ಬಿಟ್ಟು ಬರದಿದ್ದರೆ ಕಂಪ್ಯೂಟರೇ ಕೋಳಿಯ ಬಳಿಗೆ ಹೋಗಲಿ ಎಂದು ತೀರ್ಮಾನಿಸಿ, ಮುಂದಿನ ಭಾನುವಾರ ಪೆಟ್ಟಿಗೆ, ರೆಕಾರ್ಡರು, ತಂತಿಗಳನ್ನು ತರಕಾರಿ ಚೀಲದಲ್ಲಿ ತುಂಬಿಕೊಂಡು ತಮ್ಮ ಸನ್ನಿಧಾನಕ್ಕೆ ಬಂದೆ. ಮಂಗಮ್ಮನವರು ಬಲ್ಬಿನ ಹೋಲ್ಡರಿನಿಂದ ಕರೆಂಟು ಕೊಟ್ಟರು. ಹಸುವೊಂದು ಸ್ವಲ್ಪ ಜಾಗ ಕೊಟ್ಟಿತು. ತಾವು ಏನನ್ನೂ ಕೊಡಲಿಲ್ಲ, ಒಂದು ಕಣ್ಣಿನಿಂದ ನೋಡಿದಿರಿ.

ಕ್ಯಾಸೆಟ್ಟಿನ ವಿಷಯ ತಮಗೆ ಹೇಳಬೇಕಾಗಿಲ್ಲ, ಆದರೆ ಬೇರೆ ಓದುಗರಿಗಾಗಿ ಹೇಳುತ್ತೇನೆ. ಅದರಲ್ಲಿ ಹಾಡಿಲ್ಲ. ಕಂಪ್ಯೂಟರಿಗೆ ಮಾತ್ರ ಅರ್ಥವಾಗುವ ‘ಕೀಈಈ’ ಎಂಬ ಒಂದು ಚೀರು, ಅದರ ಹಿಂದೆಯೇ ತಗಡಿನ ಮೇಲೆ ಮರಳು ಎಳೆದಂಥ ‘ಕರ್ರ್ರ್’ ಎಂಬ ಇನ್ನೊಂದು ಶಬ್ದ, ಹೀಗೆ ಒಂದು ತಂಬಿಗೆ ನೀರು ಕಾಯುವಷ್ಟು ಹೊತ್ತು ಕೇಳಿದ ಮೇಲೆ ಪೆಟ್ಟಿಗೆಯೊಳಗೆ ಆಟ ಇಳಿಯಬೇಕು. ಶಬ್ದ ಸ್ವಲ್ಪ ಸಣ್ಣದಾದರೂ ಪೆಟ್ಟಿಗೆ ಮುಖ ತಿರುಗಿಸಿ, ಟೇಪಿನಲ್ಲಿ ದೋಷವಿದೆ ಎಂದು ಪರದೆಯ ಮೇಲೆ ಬರೆದು ಸುಮ್ಮನಾಗುತ್ತದೆ. ಭಾನುವಾರದ ಮೇಲೆ ಭಾನುವಾರ ನಾನು ಮೊದಲಿನಿಂದ ಹಾಕಿದೆ, ಅದು ಬರೆಯಿತು, ನಾನು ಮತ್ತೆ ಹಾಕಿದೆ. ತಾವು ಕತ್ತನ್ನು ಒಳಗೆ ಎಳೆದುಕೊಂಡು ಸಹಿಸಿದಿರಿ. ಆ ತಾಳ್ಮೆಯನ್ನು ಇಂದಿಗೂ ಹೊಗಳುತ್ತೇನೆ. ನಮ್ಮ ಮನೆಯಲ್ಲಿ ಅದೇ ಶಬ್ದ ಒಂದು ಸಲ ಬಂದದ್ದಕ್ಕೆ ಮೇಲಿನ ಮನೆಯವರು ಮಿಕ್ಸಿ ಕೆಟ್ಟಿದೆಯೇ ಎಂದು ವಿಚಾರಿಸಲು ಇಳಿದು ಬಂದಿದ್ದರು.

ಕೊನೆಗೆ ಒಂದು ಭಾನುವಾರ ನನ್ನ ತಾಳ್ಮೆ ತೀರಿ ಶಬ್ದದ ತಿರುಗಣೆಯನ್ನು ಪೂರ್ತಿ ತಿರುಗಿಸಿದೆ. ಟೇಪು ಚೀರಿತು. ತಾವೂ ಚೀರಿದಿರಿ. ಹಸುವಿನ ಬೆನ್ನು, ನನ್ನ ತಲೆ, ಕೊಟ್ಟಿಗೆಯ ತೊಲೆ, ಹೀಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಹಾರಿ, ಹೊರಗಿನ ಹಲಸಿನ ಮರದ ತುದಿಯನ್ನು ಸೇರಿದಿರಿ. ಮಂಗಮ್ಮನವರು ಕೂಗಿದರು, ಕಾಳು ಎರಚಿದರು. ತಾವು ನಮಗೆ ಬೆನ್ನು ಹಾಕಿ ಗಡಿಯಾಚೆಯ ಕರ್ನಾಟಕದ ಕಡೆ ನೋಡುತ್ತ ಕುಳಿತಿರಿ. ಮಂಗಮ್ಮನವರು ನನ್ನನ್ನು ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಮಂಕರಿಯೊಳಗೆ ಕೈಯಿಟ್ಟು ನೋಡಿ, ಸಣ್ಣ ದನಿಯಲ್ಲಿ ಹೇಳಿದರು:

“ಇದೊಂದೇ ಉಳ್ಕಂಡಿದ್ದು ಕಣಣ್ಣ. ಮೊಟ್ಟೆ ತಣ್ಗಾದ್ರೆ ಇನ್ನೇನೈತೆ?”

ಮಾನ್ಯರೇ, ಬೈದಿದ್ದರೆ ಚೆನ್ನಾಗಿತ್ತು. ಜಡಿಮಳೆ ಹಿಡಿದಿದ್ದ ದಿನ, ತಳಿಯ ಚಳಿ ಬೇರೆ. ಏನು ಮಾಡಲೂ ತೋಚದೆ ಪೆಟ್ಟಿಗೆಯ ಮೇಲೆ ಕೈಯಿಟ್ಟೆ, ಅದು ಬಿಸಿಯಾಗಿತ್ತು. ಈ ಜಾತಿಯ ಕಂಪ್ಯೂಟರುಗಳು ಯೋಚನೆ ಮಾಡುವುದಕ್ಕಿಂತ ಹೆಚ್ಚಾಗಿ ಕಾಯುತ್ತವೆ. ನನ್ನ ಟವೆಲ್ಲನ್ನು ಸಿಂಬಿ ಸುತ್ತಿ ಅದರ ಬೆನ್ನಿನ ಮೇಲಿಟ್ಟು, ಮೊಟ್ಟೆಗಳನ್ನು ಒಂದೊಂದಾಗಿ ಜೋಡಿಸಿ, ಎರಡು ಕೈಗಳನ್ನೂ ಮೇಲೆ ಮುಚ್ಚಿ, ಮಂಗಮ್ಮನವರ ಹಳೆಯ ಸೀರೆಯ ಸೆರಗಿನ ತುಂಡೊಂದನ್ನು ಹೊದಿಸಿಕೊಂಡು ಕಾವಿಗೆ ಕುಳಿತೆ. ಹೌದು, ನಾನೇ ಕುಳಿತೆ. ಕಾರ್ಖಾನೆಯಲ್ಲಿ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದಾಗ ಕೂಡ ನಾನು ಅಷ್ಟು ಅಲ್ಲಾಡದೆ ಕುಳಿತಿರಲಿಲ್ಲ.

ಟೇಪನ್ನು ನಿಲ್ಲಿಸುವುದಕ್ಕೆ ಮರೆತಿದ್ದೆ. ಅದು ಚೀರುತ್ತಲೇ ಇತ್ತು, ಚೀರಿ ಚೀರಿ ಮುಗಿಯಿತು, ಮತ್ತು ಜೀವಮಾನದಲ್ಲಿ ಮೊದಲ ಸಲ ಪೆಟ್ಟಿಗೆ ದೋಷ ಹೇಳಲಿಲ್ಲ. ಪರದೆ ನೀಲಿಯಾಯಿತು. ಒಬ್ಬ ಕುಳ್ಳ ಮನುಷ್ಯ ಬಂದು ಒಂದು ಹಳ್ಳದ ಅಂಚಿನಲ್ಲಿ ನಿಂತ. ಹಾರಲು ಯಾವುದಾದರೂ ಗುಂಡಿ ಒತ್ತಿರಿ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡ. ಇಪ್ಪತ್ತನೆಯ ವಯಸ್ಸಿನಿಂದ ನಾನು ಕಾದಿದ್ದ ಆ ಘಳಿಗೆಯಲ್ಲಿ, ನನ್ನ ಎರಡೂ ಕೈಗಳ ಕೆಳಗೆ ತಮ್ಮ ಮೊಟ್ಟೆಗಳು. ಕುಳ್ಳ ನನ್ನನ್ನು ನೋಡಿದ. ನಾನು ಕುಳ್ಳನನ್ನು ನೋಡಿದೆ. ಅಷ್ಟರಲ್ಲಿ ಒಂದು ಮೊಟ್ಟೆ ಸಿಂಬಿಯಿಂದ ಜಾರಿ ಗುಂಡಿಗಳ ಮೇಲೆ ಉರುಳಿತು. ಕುಳ್ಳ ಹಾರಿದ. ಹಳ್ಳ ದಾಟಿದ. ಮೂಲೆಯಲ್ಲಿ ಅಂಕಗಳು ಏರಿದವು. ಇನ್ನೂ ಚಿಪ್ಪಿನಿಂದ ಹೊರಬರದ ತಮ್ಮ ಸಂತಾನವು ಆಟದಲ್ಲಿ ತೋರಿಸಿದ ಪ್ರತಿಭೆಯನ್ನು ಮನಸಾರೆ ಅಭಿನಂದಿಸುತ್ತೇನೆ. ನನಗೆ ಆ ಅವಕಾಶ ಬರಲಿಲ್ಲ, ಏಕೆಂದರೆ ಆಗಲೇ ಕರೆಂಟು ಹೋಯಿತು. ಕುಳ್ಳನೂ ಹಳ್ಳವೂ ಅಂಕಗಳೂ ಒಂದು ಚುಕ್ಕೆಯಾಗಿ ಆರಿಹೋದವು.

ಕೊಟ್ಟಿಗೆ ನಿಶ್ಶಬ್ದವಾಯಿತು. ಆ ನಿಶ್ಶಬ್ದವನ್ನು ತಾವು ಮರದ ಮೇಲಿಂದ ಕೇಳಿಸಿಕೊಂಡಿರಬೇಕು. ಮಂಗಮ್ಮನವರು ಬೇಗ ಬೇಗನೆ ಮೊಟ್ಟೆಗಳನ್ನು ಮಂಕರಿಗೆ ಸೇರಿಸಿ, ಅಲ್ಲಾಡಬೇಡ ಎಂದು ನನಗೆ ಕೈಸನ್ನೆ ಮಾಡಿದರು. ತಾವು ಇಳಿದು ಬಂದು, ಬಾಗಿಲಲ್ಲಿ ನಿಂತು, ನನ್ನನ್ನು ಎರಡೂ ಕಣ್ಣುಗಳಿಂದ ಒಂದೊಂದು ಸಲ ಪರೀಕ್ಷಿಸಿ, ಏನೂ ನಡೆದೇ ಇಲ್ಲವೆಂಬಂತೆ ಹೋಗಿ ಕುಳಿತಿರಿ. ಮಂಗಮ್ಮನವರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಆದರೆ ಸೆರಗಿನ ಧೂಳು ಬಿದ್ದಿತ್ತೆಂದು ಹೇಳಿದೆ.

ಆಮೇಲಿನದು ಸಂತೋಷದ ಸುದ್ದಿ. ಒಂದೆರಡು ಬಿಟ್ಟು ಎಲ್ಲ ಮೊಟ್ಟೆಗಳೂ ಒಡೆದು ಮರಿಯಾದವು, ಟಿ.ವಿ. ಖಾಲಿಯಾಯಿತು. ನಾನು ತೆಗೆದುಕೊಂಡು ಹೋಗಲು ಬಂದ ದಿನ, ಹೊರಡುವ ಮೊದಲು ಟೇಪು ಸರಿಯಿದೆಯೇ ಎಂದು ಅಂಗಳದಲ್ಲಿ ರೆಕಾರ್ಡರಿಗೆ ಬ್ಯಾಟರಿ ಹಾಕಿ ಸ್ವಲ್ಪ ಕೇಳಿಸಿದೆ. ತಮ್ಮ ರೆಕ್ಕೆಯ ಕೆಳಗಿದ್ದ ಮರಿಗಳೆಲ್ಲ ಒಂದೇ ಉಸಿರಿಗೆ ಓಡಿ ಬಂದು, ರೆಕಾರ್ಡರಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತವು. ಚಿಪ್ಪಿನೊಳಗೆ ಮಲಗಿ ಭಾನುವಾರದ ಮೇಲೆ ಭಾನುವಾರ ಅವು ಕೇಳಿದ್ದು ಆ ದನಿಯನ್ನೇ ಅಲ್ಲವೇ. ತಾವು ‘ಕೊಕ್ ಕೊಕ್’ ಎಂದು ಕರೆದಿರಿ. ಒಂದೂ ತಿರುಗಿ ನೋಡಲಿಲ್ಲ. ಮೇಲೆ ಹದ್ದು ಸುತ್ತುತ್ತಿತ್ತು. ಮಂಗಮ್ಮನವರು ರೆಕಾರ್ಡರನ್ನು ಎತ್ತಿಕೊಂಡು ನಡೆದರು, ಮರಿಗಳು ಸಾಲಾಗಿ ಅವರ ಹಿಂದೆ ಪಂಜರಕ್ಕೆ ಹೋದವು.

“ಇವುಕೆ ಅವ್ವ ಈ ಡಬ್ಬಿನೇ ಆಗೋಯ್ತು,” ಎಂದರು ಅವರು. “ಟೀವಿ ನಿಂಗಿರ್ಲಿ, ಡಬ್ಬಿ ನಂಗಿರ್ಲಿ ಅಣ್ಣ.”

ಹದ್ದನ್ನು ಕಣ್ಣಾರೆ ಕಂಡ ಮೇಲೆ ಇಲ್ಲವೆನ್ನುವುದು ಹೇಗೆ? ಹೀಗಾಗಿ ನಾನು ಟಿ.ವಿ.ಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸೂರಿಗೆ ಮರಳಿದೆ. ಕುಳ್ಳ ಮನುಷ್ಯ ಕ್ಯಾಸೆಟ್ಟಿನ ಒಳಗೆ ತಮ್ಮಲ್ಲೇ ಉಳಿದ. ದಿನಾ ಸಂಜೆ ಅವನನ್ನು ಕೂಗಿಸಿ ಮರಿಗಳನ್ನು ಗೂಡಿಗೆ ಸೇರಿಸುತ್ತಾರಂತೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಮರಿಗಳಿಗೆ ತಾವೇ ತಾಯಿಯೆಂದು ಆದಷ್ಟು ಬೇಗ ಮನವರಿಕೆ ಮಾಡಿಕೊಟ್ಟು ಕ್ಯಾಸೆಟ್ಟನ್ನು ಬಿಡುಗಡೆ ಮಾಡಿಸಬೇಕು. ಅದು ಸಾಧ್ಯವಿಲ್ಲವಾದರೆ, ಆ ಹಳ್ಳದ ಆಚೆಗೆ ಏನಿತ್ತು ಎಂಬುದನ್ನು ಅಂದು ಗುಂಡಿ ಒತ್ತಿದ ತಮ್ಮ ಮರಿಯಿಂದ ವಿಚಾರಿಸಿ ತಿಳಿಸಬೇಕು. ಅದೂ ಆಗದಿದ್ದರೆ, ಈ ಕಂಪ್ಯೂಟರು ಒಂದು ಮಧ್ಯಾಹ್ನ ತಮ್ಮ ಕೆಲಸವನ್ನು ತೃಪ್ತಿಕರವಾಗಿ ನಿರ್ವಹಿಸಿತೆಂದು ಕಾಲುಗುರು ಒತ್ತಿದ ಒಂದು ಸರ್ಟಿಫಿಕೇಟನ್ನಾದರೂ ರುಕ್ಮಿಣಮ್ಮನ ಹೆಸರಿಗೆ ಕಳಿಸಬೇಕು.

ಸರ್ಟಿಫಿಕೇಟು ಈಗ ಅಷ್ಟು ತುರ್ತಿಲ್ಲ. ಹಬ್ಬದ ಹಿಂದಿನ ದಿನ, ಬೇರೆ ದಾರಿ ಕಾಣದೆ, ಹಳೆಯ ಕಂಪ್ಯೂಟರ್ ಪುಸ್ತಕವೊಂದನ್ನು ನೋಡಿಕೊಂಡು ಎರಡೇ ಸಾಲಿನ ಆಜ್ಞೆಯನ್ನು ಕೈಯಿಂದಲೇ ಒತ್ತಿದೆ. ಪರದೆಯ ಮೇಲಿನಿಂದ ಕೆಳಗಿನವರೆಗೂ ಇಂಗ್ಲಿಷಿನಲ್ಲಿ ರುಕ್ಮಿಣಿ, ರುಕ್ಮಿಣಿ, ರುಕ್ಮಿಣಿ ಎಂದು ಹರಿಯತೊಡಗಿತು. ಅವಳು ಹೂರಣ ರುಬ್ಬುತ್ತಿದ್ದ ಕೈಯಲ್ಲೇ ಬಂದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದಳು. ತನ್ನ ಹೆಸರಿಗೆ ಒಂದೇ ‘ಕೆ’ ಸಾಕು, ಎರಡು ಹಾಕಿದ್ದೀರಿ ಎಂದಳು. ತಿದ್ದುತ್ತೇನೆಂದು ಆರಿಸಲು ಹೋದರೆ ನನ್ನ ಕೈ ಹಿಡಿದಳು.

“ಇರಲಿ ಬಿಡಿ,” ಎಂದಳು. “ತಂಗಿ ಬಂದು ನೋಡಲಿ.”

ತಂಗಿ ಬಂದು ನೋಡಿ ಹೋದಳು. ಹೊಲಿಗೆಯ ಮಿಷನ್ನು ಊಟದ ಮೇಜಿಗೆ ಸ್ಥಳಾಂತರಗೊಂಡಿದೆ, ನಾವು ನೆಲದ ಮೇಲೆ ಕುಳಿತು ಉಣ್ಣುತ್ತಿದ್ದೇವೆ.

ತಮ್ಮ ಮೊಟ್ಟೆಗಳಿಗೆ ಒಂದು ಮಧ್ಯಾಹ್ನ ತಾಯಿಯಾಗಿದ್ದ,
ತಮ್ಮ ವಿಶ್ವಾಸಿ,
ಜಯರಾಮಯ್ಯ
ಹೊಸೂರು

ವಿ.ಸೂ.: ಈ ಪತ್ರ ಕಳಿಸದೆ ಕೆಲವು ತಿಂಗಳು ಹಾಗೇ ಉಳಿದಿತ್ತು; ಅಷ್ಟರಲ್ಲಿ ತಮ್ಮ ಹಿರಿಯ ಮಗ ಹುಂಜನಾಗಿ, ಕೂಗಲು ಶುರುಮಾಡಿರುವ ಸುದ್ದಿ ತಲುಪಿತು. ಮಂಗಮ್ಮನವರು ಫೋನಿನಲ್ಲಿ ಕೇಳಿಸಿದರು: ಮೊದಲು ‘ಕೀಈಈ’, ಆಮೇಲೆ ‘ಕರ್ರ್ರ್’. ಊರಿನವರಿಗೆ ಬೆಳಗಾಯಿತೆಂದು ಗೊತ್ತಾಗುತ್ತಿಲ್ಲವಂತೆ, ಅದು ಅವರ ಕಷ್ಟ. ನಾನು ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದೆ. ಟೇಪಿನಲ್ಲಿ ದೋಷವಿದೆ ಎಂದು ಬರೆಯಿತು. ಹುಡುಗ ಸಾಹಿತ್ಯವನ್ನು ಸರಿಯಾಗಿಯೇ ಕಲಿತಿದ್ದಾನೆ, ದನಿ ಸಾಲದು. ತಾಯಿಯಾದವರು ಮರದ ತುದಿಯಲ್ಲಿ ಕೂರುವುದನ್ನು ಬಿಟ್ಟು, ಅವನಿಗೆ ಹೊಟ್ಟೆ ತುಂಬ ರಾಗಿ ಹಾಕಿಸಬೇಕಾಗಿ ಪ್ರಾರ್ಥನೆ.