ಗೋಡೆಗೆ ಬಸಿ ಅಂಟಿಸುವವನು

ಮೊದಲು ಒಂದು ಪ್ರಶ್ನೆ. ರಾಯಚೂರಿನ ಬೇಸಿಗೆಯ ಮಧ್ಯಾಹ್ನ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಹಾದ ಹೋಟೆಲು. ಒಳಗೆ ಐದಾರು ಮಂದಿ ಮರ್ಯಾದಸ್ಥರು ಅಂಗಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಬರಿ ಬೆನ್ನು ಒತ್ತಿ, ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದಾರೆ. ಏನು ನಡೆದಿದೆ, ಹೇಳಿ ನೋಡೋಣ?

ಪೊಲೀಸರು ಹಿಡಿದು ಕೂರಿಸಿದ್ದಾರೆ ಅಂದಿರಾ? ಅಲ್ಲ. ಯೋಗಾಸನವೇ? ಅದೂ ಅಲ್ಲ. ಅವರೆಲ್ಲ ನನ್ನ ಟೈಲ್ಸಿನ ಗಿರಾಕಿಗಳು. ಅಂದರೆ, ಟೈಲ್ಸು ಕೊಂಡವರಲ್ಲ, ಬಳಸಿದವರು!

ಇಂಥವು ಎಲ್ಲರಿಗೂ ಜೀವನದಲ್ಲಿ ಒಂದೋ ಎರಡೋ ಆಗುತ್ತವೆ. ನನಗೆ ಮಾತ್ರ ಅಂಗಡಿಯ ಬಾಗಿಲು ತೆಗೆದ ದಿನದಿಂದ ಮುಚ್ಚಿದ ದಿನದವರೆಗೂ ಆದವು. ಎಪ್ಪತ್ತರ ದಶಕದ ಕೊನೆ. ಬಿ.ಎ. ಮುಗಿಸಿ, ನೌಕರಿ ಸಿಗದೆ, ಅಪ್ಪನ ಅಂಗಡಿಯಲ್ಲೇ ಒಂದು ಮೂಲೆ ಹಿಡಿದು ಬಿಳಿ ಟೈಲ್ಸ್ ಮಾರಲು ಶುರುಮಾಡಿದೆ. ತಮಾಷೆ ಏನೆಂದರೆ ಅಪ್ಪನದು ಸುಣ್ಣದ ಅಂಗಡಿ.

"ಸುಣ್ಣ ಮಾರಿ ನಿನ್ನ ಕಾಲೇಜಿಗೆ ಕಳಿಸಿದೆ," ಎಂದರು ಅಪ್ಪ. "ಈಗ ನೀ ಸುಣ್ಣಕ್ಕೇ ವೈರಿ ತಂದು ನನ್ನ ಬಾಜೂಕ ಕುಂದ್ರಿಸಿದಿ. ಶಹಬ್ಬಾಸ್ ಮಗನ!"

ಆಗ ನನಗೆ ಹೆಣ್ಣು ನೋಡುತ್ತಿದ್ದರು. ಮಾನ್ವಿಯ ಒಬ್ಬ ಹೆಡ್ ಮಾಸ್ತರರ ಮಗಳು ನನಗೆ ಒಪ್ಪಿಗೆಯಾಗಿದ್ದಳು. ಒಪ್ಪಿಗೆ ಅನ್ನುವುದು ಸಣ್ಣ ಮಾತು. ಒಂದೇ ಸಲ ನೋಡಿ ಬಂದವನು ಅಂಗಡಿಯಲ್ಲಿ ಸುಣ್ಣ ಕೇಳಿದವರಿಗೆ ಟೈಲ್ಸ್, ಟೈಲ್ಸ್ ಕೇಳಿದವರಿಗೆ ಸುಣ್ಣ ಕೊಡುತ್ತಿದ್ದೆ. ಅವಳಿಗೂ ಮನಸ್ಸಿದೆ ಎಂದು ಮಧ್ಯಸ್ಥರು ಹೇಳಿದ್ದರು. ಮಾಸ್ತರರಿಗೆ ಮಾತ್ರ ಇರಲಿಲ್ಲ. ಟೈಲ್ಸೂ ಪಿಂಗಾಣಿ, ಚಹಾದ ಸಾಸರು ಅಂದರೆ ನಮ್ಮ ಕಡೆಯ ಬಸಿಯೂ ಪಿಂಗಾಣಿ; ಅವರು ಊರೆಲ್ಲ ಕೇಳುವಂತೆ ಅಂದಿದ್ದರಂತೆ: "ಗ್ವಾಡಿಗೆ ಚಾದ ಬಸಿ ಅಂಟಸಾಂವಗ ನಾ ಮಗಳ್ನ ಕೊಡ್ಲೇನು? ಬಸಿ ಇವತ್ತಲ್ಲ ನಾಳಿ ಬೀಳ್ತಾವ. ಆಮ್ಯಾಲೆ ಇವ್ರೇನು ತಿಂತಾರ, ಗ್ವಾಡಿನಾ?"

ಆದ್ದರಿಂದ ಮುಂದೆ ಹೇಳುವ ಒಂದೊಂದು ಫಜೀತಿಯೂ ಬಸ್ಸು ಹತ್ತಿ ಮಾನ್ವಿ ಮುಟ್ಟುತ್ತಿತ್ತು ಎಂಬುದು ನೆನಪಿರಲಿ.

ತಂಪು ಗೋಡೆ

ಆ ಹೋಟೆಲಿನ ಕೆಲಸ ನನ್ನ ಮೊದಲ ದೊಡ್ಡ ಕೆಲಸ. ಗಿರಾಕಿಗಳು ಭಜಿ ತಿಂದು ಗೋಡೆಗೆ ಕೈ ಒರೆಸುತ್ತಾರೆ, ವರ್ಷಕ್ಕೆ ಎಷ್ಟು ಸಲ ಸುಣ್ಣ ಹಚ್ಚಲಿ ಎಂದು ಮಾಲೀಕ ಗೋಳಾಡಿದ. ಎದೆಮಟ್ಟಕ್ಕೆ ಟೈಲ್ಸ್ ಹಾಕಿಸಿದೆವು. ನಮ್ಮ ಗೌಂಡಿ, ನನ್ನ ಎಲ್ಲ ಕೆಲಸಕ್ಕೂ ಬರುತ್ತಿದ್ದ ಒಬ್ಬನೇ ಗಾರೆ ಕೆಲಸದವನು, ಗೋಡೆ ಒರೆಸಿ ದೂರ ನಿಂತು, "ಕನ್ನಡಿ ಆತ್ರೀ ಸಾವ್ಕಾರ, ಕನ್ನಡಿ!" ಎಂದ.

ಏಪ್ರಿಲ್ ಬಂತು. ರಾಯಚೂರಿನ ಏಪ್ರಿಲ್ ಹೇಗಿರುತ್ತದೆಂದು ರಾಯಚೂರಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಯಾರೋ ಒಬ್ಬ ಪುಣ್ಯಾತ್ಮ ಚಹಾ ಕುಡಿಯುತ್ತ ಗೋಡೆಗೆ ಒರಗಿದ. ಟೈಲ್ಸ್ ತಣ್ಣಗಿತ್ತು. ಅಂಗಿ ಬಿಚ್ಚಿ ಒರಗಿದ. ಇನ್ನೂ ತಣ್ಣಗಿತ್ತು. ಮರುದಿನದಿಂದ ತಹಸೀಲ ಕಚೇರಿಯ ಗುಮಾಸ್ತರು, ಗಂಜ್‌ನ ದಲಾಲರು, ಯರಗೇರಾ ಬಸ್ಸಿಗೆ ಕಾಯುವವರು, ಎಲ್ಲ ಬಂದು ಒಂದೊಂದು ಚಹಾ ಹೇಳಿ ಸಂಜೆಯವರೆಗೆ ಬೆನ್ನು ಕೊಟ್ಟು ಕೂರತೊಡಗಿದರು. ಬಸ್ಸು ಬಂದು ಹೋದರೂ ಏಳಲಿಲ್ಲ.

ಮಾಲೀಕ ನನ್ನ ಅಂಗಡಿಗೆ ಓಡಿ ಬಂದ. "ಏನ್ ಹಚ್ಚಿ ಕೊಟ್ರೀ ನೀವು? ಹೋಟೆಲ್ ಹೋಗಿ ಧರ್ಮಶಾಲಿ ಆಗ್ಯಾದ!"

"ಗೋಡೆಗೆ ಒರಗಬಾರದು ಅಂತ ಬೋರ್ಡ್ ಹಾಕ್ರಿ," ಎಂದೆ.

ಹಾಕಿದ. ಮೂರನೆಯ ದಿನ ಮತ್ತೆ ಬಂದ. ಮುಖ ಇನ್ನೂ ಇಳಿದಿತ್ತು.

"ಬೋರ್ಡ್ ಯಾರೂ ಓದಲಿಲ್ಲೇನು?"

"ಓದಿದ್ರು. ಮರ್ಯಾದಿಯಿಂದ ಬೆನ್ನು ತಗದ್ರು. ಈಗ ಗ್ವಾಡಿ ಕಡಿ ತಿರುಗಿ ಗಲ್ಲ ಹಚ್ಚಿ ನಿಂತಾರ. ಚಾನೂ ಹೇಳವಲ್ರು, ಬಾಯಿ ಗ್ವಾಡಿಗಿ ಅದ ಅಲ್ರೀ!"

ಸೋಡಾ ಹಾಕಿದ ಟೈಲ್ಸ್

ಇದು ದೇವದುರ್ಗದ ಮಾತು. ಆ ಕಾಲದ ಟೈಲ್ಸನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಬೇಕು; ಒಣ ಟೈಲ್ಸ್ ಸಿಮೆಂಟಿನ ನೀರನ್ನೆಲ್ಲ ಹೀರಿಬಿಡುತ್ತದೆ, ಗೋಡೆಗೆ ಹಿಡಿಯುವುದಿಲ್ಲ. ಗೌಂಡಿ ಆ ಮನೆಯ ಅಜ್ಜಿಗೆ ಸಂಜೆ ಹೇಳಿ ಬಂದಿದ್ದ: "ಯವ್ವಾ, ಇವನ್ನ ಚಂದಂಗ ನೆನಿ ಹಾಕು. ಮುಂಜಾನೆ ಬರ್ತೀನಿ."

ಅಷ್ಟು ಟೈಲ್ಸ್ ಹಿಡಿಸುವ ಪಾತ್ರೆ ಆ ಮನೆಯಲ್ಲಿ ಒಂದೇ, ಸ್ನಾನದ ನೀರು ಕಾಯಿಸುವ ಹಂಡೆ. ಅಜ್ಜಿ ಅದರಲ್ಲೇ ಜೋಡಿಸಿಟ್ಟಳು. ಬೆಳಿಗ್ಗೆ ಸೊಸೆ ಎದ್ದಳು, ದಿನದಂತೆ ಹಂಡೆಯ ಒಲೆಗೆ ತೊಗರಿ ಕಟ್ಟಿಗೆ ತುಂಬಿ ಉರಿ ಹಾಕಿದಳು.

ನಾವು ಹೋದಾಗ ಬಚ್ಚಲಮನೆಯಲ್ಲಿ ಹೊಗೆ, ಹಬೆ, ನಡುವೆ ಗಡಗಡ ಸಪ್ಪಳ. ಅಜ್ಜಿ ಹಂಡೆಯ ಮುಂದೆ ಕೂತು ಮರದ ಸೌಟಿನಿಂದ ತಿರುವುತ್ತಿದ್ದಾಳೆ.

ಗೌಂಡಿ ತಲೆಗೆ ಕೈ ಹಚ್ಚಿಕೊಂಡ. "ಯವ್ವಾ, ಏನ್ ಮಾಡಾಕತ್ತಿ ಬೇ?"

"ನೀನೇ ನೆನಿ ಹಾಕು ಅಂದಿ. ನೆನಿ ಹಾಕಿದ್ದು ಕುದಸಾಕ ಅಲ್ಲೇನು? ಸೊಸಿ ಉರಿ ಹಚ್ಚಿದ್ಲು, ನಾನೂ ಇರಲಿ ಅಂದೆ." ಅಜ್ಜಿ ಒಂದು ಟೈಲ್ಸನ್ನು ಸೌಟಿನಿಂದ ಎತ್ತಿ, ಉಗುರಿನಿಂದ ಒತ್ತಿ ನೋಡಿ, ಮತ್ತೆ ಒಳಗೆ ಬಿಟ್ಟಳು. "ನಿಮ್ಮ ಮಾಲು ಭಾಳ ಬಿರುಸು ಅದ ನೋಡಪ್ಪಾ. ಎಷ್ಟು ಕುದ್ರೂ ಮೆತ್ತಗಾಗವಲ್ದು. ತಡಿ, ಈಗಷ್ಟೇ ಒಂದು ಚಿಟಿಕಿ ಸೋಡಾ ಹಾಕೀನಿ."

ಬಚ್ಚಲಿಗೆ ಬಂದ ದೇವರು

ಇದು ಮಾನ್ವಿಯಲ್ಲೇ, ಅದೂ ಮಾಸ್ತರರ ಓಣಿಯಲ್ಲೇ ಆಗಬೇಕೆ! ಒಬ್ಬ ಹತ್ತಿ ವ್ಯಾಪಾರಿ ಬಚ್ಚಲಮನೆಗೆ ಟೈಲ್ಸ್ ಹಾಕಿಸಿದ. ಪೆಟ್ಟಿಗೆಯೊಳಗೆ ಕಂಪನಿಯವರು ನಮೂನೆಗೆಂದು ದೇವರ ಚಿತ್ರದ ಒಂದು ಟೈಲ್ಸ್ ಇಟ್ಟಿದ್ದರು. ಗೌಂಡಿ ಭಕ್ತ. ಖುಷಿಯಿಂದ ಗೋಡೆಯ ನಟ್ಟನಡುವೆ, ಸ್ನಾನಕ್ಕೆ ಕೂರುವವರ ಎದುರಿಗೇ ದೇವರನ್ನು ಹಚ್ಚಿಬಿಟ್ಟ.

ಮರುದಿನ ವ್ಯಾಪಾರಿ ಧೋತ್ರ ಬಿಚ್ಚಿ ತಂಬಿಗೆ ಎತ್ತಿದ. ಎದುರಿಗೆ ದೇವರು, ಕಣ್ಣು ಬಿಟ್ಟುಕೊಂಡು. ತಂಬಿಗೆ ಇಟ್ಟು ಧೋತ್ರ ಉಟ್ಟ. ಧೋತ್ರ ಉಟ್ಟುಕೊಂಡೇ ಸ್ನಾನ ಮಾಡಿದ. ಆಮೇಲೆ ಸೋಪು ಹಚ್ಚಿದ ಕೈಯಿಂದಲೇ ಕೈಮುಗಿದ.

ಕಿತ್ತು ಕೊಡು ಎಂದರೆ ಗೌಂಡಿ ಎರಡು ಹೆಜ್ಜೆ ಹಿಂದೆ ಸರಿದ. "ದೇವ್ರ ಎದಿ ಮ್ಯಾಲೆ ಉಳಿ ಇಟ್ಟು ಹೊಡೀಲೇನ್ರೀ? ನನಗೂ ಮಕ್ಳು ಮರಿ ಅದಾವ." ಪರದೆ ಕಟ್ಟಿದರು; ಪರದೆ ಗಾಳಿಗೆ ಸರಿಯುತ್ತಿತ್ತು, ಅದೂ ಬೇಡದ ಹೊತ್ತಿಗೇ. ಅಷ್ಟರಲ್ಲಿ ಮನೆಯ ಹಿರಿಯರು ಅಲ್ಲೊಂದು ದೀಪ ಇಟ್ಟರು. ದೀಪ ಬಂದ ಮೇಲೆ ಊದಿನಕಡ್ಡಿ ಬಂತು, ಊದಿನಕಡ್ಡಿ ಬಂದ ಮೇಲೆ ಓಣಿಯ ಹೆಂಗಸರು ಬಂದರು.

ತಿಂಗಳಾದ ಮೇಲೆ ವ್ಯಾಪಾರಿ ಸಿಕ್ಕಿದ. ಬೈಯುತ್ತಾನೆಂದು ನಾನು ಸಂದಿ ಹುಡುಕಿದರೆ ಅವನೇ ಕೈ ಹಿಡಿದ. "ದೇವ್ರಿಗೆ ಗುಡಿ ಭಾಳ ಛಲೋ ಆಗ್ಯಾದ್ರೀ. ನಮ್ಮ ಮನಿ ಮಂದಿ ಹಿತ್ತಲದಾಗ ಗೋಣಿತಟ್ಟು ಕಟಗೊಂಡು ಮೈ ತೊಳ್ಕೊಳ್ಳಾಕತ್ತೀವಿ. ನಮಗೊಂದು ಬಚ್ಚಲಮನಿ ಮಾಡಿಕೊಡ್ರಲ್ಲ?"

ಮಾಸ್ತರರ ಪರೀಕ್ಷೆ

ಇಷ್ಟೆಲ್ಲ ಕೇಳಿದ ಮೇಲೆ ಮಾಸ್ತರರು ನನ್ನನ್ನು ಕರೆಸಿದರು. ಕುರ್ಚಿ ತೋರಿಸಲಿಲ್ಲ. "ನಮ್ಮ ಅಡಗಿಮನಿ ಗ್ವಾಡಿಗಿ ಹಚ್ರಿ," ಎಂದರು. "ದಸರಾಕ್ಕ ನಿಮ್ಮ ಮಂದೀನ್ನ ಕರಕೊಂಡು ಬರ್ರಿ. ಒಂದೂ ಬಿದ್ದಿರಬಾರದು. ಬಿದ್ದಿರಲಿಲ್ಲಂದ್ರ ಅವತ್ತೇ ಮಾತು ಪಕ್ಕಾ. ಒಂದು ಬಿದ್ದಿದ್ರೂ ಬಂದ ಬಸ್ಸಿಗೇ ವಾಪಸ್."

ಗೌಂಡಿ ಜೀವ ಬಿಟ್ಟು ಕೆಲಸ ಮಾಡಿದ. ನೆನೆಸಿದ, ಕುದಿಸಲಿಲ್ಲ. ದೇವರಿದ್ದಾರೆಯೇ ಎಂದು ಪ್ರತಿ ಪೆಟ್ಟಿಗೆಯನ್ನೂ ಬೋರಲು ಹಾಕಿ ನೋಡಿದ. ಆದರೆ ಅದು ಹಳೆಯ ಗೋಡೆ; ಒಲೆಯ ಹಿಂದೆ ಎಷ್ಟೋ ವರ್ಷದ ಹೊಗೆ, ಎಣ್ಣೆ ಕುಡಿದಿತ್ತು. ಮುಗಿದ ಮೇಲೆ ಮಾಸ್ತರರು ದಿನಾ ಬೆಳಿಗ್ಗೆ ಒಂದೊಂದೇ ಟೈಲ್ಸಿಗೆ ಬೆರಳು ಮಡಚಿ ಕುಟ್ಟುತ್ತಿದ್ದರಂತೆ, ದಡ್ಡ ಹುಡುಗರ ತಲೆಗೆ ಕುಟ್ಟಿದ ಹಾಗೆ. ದಸರಾ ರಜೆ ಬಂತು. ಮಾಸ್ತರರು ಒಬ್ಬರೇ ದೇವದುರ್ಗಕ್ಕೆ ತಂಗಿಯ ಮನೆಗೆ ಹೋದರು. ಹಬ್ಬದ ದಿನ ಮಧ್ಯಾಹ್ನ ಅವರೂ ಬಂದಿಳಿದರು, ನಾವೂ ಬಂದಿಳಿದೆವು: ನಾನು, ಅಪ್ಪ, ಗೌಂಡಿ. ಮಾಸ್ತರರು ಚಪ್ಪಲಿ ಬಿಟ್ಟವರೇ, "ಬರ್ರಿ, ಮೊದಲ ಪರೀಕ್ಷಾ, ಆಮ್ಯಾಲೆ ಚಾ," ಎಂದು ನೆಟ್ಟಗೆ ಅಡುಗೆಮನೆಗೆ ನಡೆದರು.

ಹೋಗಿ ನೋಡಿದರೆ ಗೋಡೆಯಲ್ಲಿ ಟೈಲ್ಸೇ ಇಲ್ಲ!

ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಬೆಳ್ಳಗಿನ ಗೋಡೆ. ಅಪ್ಪ ವಾಪಸ್ ಬಸ್ಸಿನ ರೊಕ್ಕ ಕಿಸೆಯಲ್ಲಿದೆಯೋ ಎಂದು ಮುಟ್ಟಿ ನೋಡಿಕೊಂಡರು.

"ಎಲ್ಲಿ ಅದಾವ್ರಿ ನಿಮ್ಮ ಬಸಿ?" ಎಂದರು ಮಾಸ್ತರರು. "ಎಲ್ಲಾ ಬಿದ್ವೇನು?"

ಗೌಂಡಿ ಗೋಡೆ ಸವರಿದ. "ಅದಾವ್ರಿ ಮಾಸ್ತರ, ಒಳಗ ಅದಾವ! ಮ್ಯಾಲೆ ಸುಣ್ಣ ಹಚ್ಯಾರ!"

ಆಗ ಮಾಸ್ತರರ ಮಗಳು ಹಬ್ಬಕ್ಕೆ ಹಂಚುವ ಬನ್ನಿ ಸೊಪ್ಪಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಲೆ ತಗ್ಗಿಸಿ ಹೇಳಿದಳು: "ಅಪ್ಪಾ, ಹಬ್ಬಕ್ಕ ಮನಿಯೆಲ್ಲಾ ಸುಣ್ಣ ಹಚ್ಚಿದೆ. ಒಂದು ಗ್ವಾಡಿ ಬಿಟ್ರ ಕೆಟ್ಟದ್ದು ಅಂತ ಅವ್ವ ಹೇಳ್ತಿರ್ತಾಳಲ್ಲ. ಇದರ ಮ್ಯಾಲೆ ಸುಣ್ಣ ನಿಂದ್ರಲೇ ಇಲ್ಲ, ಜಾರಿ ಜಾರಿ ಬೀಳ್ತಿತ್ತು. ಗೋಂದು ಕಲಸಿ ಹಚ್ಚಿದೆ." ಮುಂದೆ ಬಂದು ಒಂದು ಕಡೆ ಬೆರಳಿಟ್ಟಳು. "ಬೇಕಂದ್ರ ಇಲ್ಲೆ ಕೆರೆದು ನೋಡ್ರಿ."

ಮಾಸ್ತರರು ಚಮಚದಿಂದ ಅಲ್ಲಿ ಕೆರೆದರು. ಫಳ್ಳನೆ ಟೈಲ್ಸ್ ಹೊಳೆಯಿತು. ಕುಟ್ಟಿದರು, ಗಟ್ಟಿ. ಬಾಜೂಕೆ ಕೆರೆದರು; ಗಟ್ಟಿ. ಆಮೇಲೆ ಚಮಚ ಇಟ್ಟು ಮಗಳನ್ನು ನೋಡಿದರು, ಗೋಡೆಯನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಟೈಲ್ಸಿಗೆ ಸುಣ್ಣ ಹಚ್ಚೂವಂಥ ಶಾಣ್ಯಾಕಿ ನಮ್ಮನಿಯಾಗ ಹುಟ್ಯಾಳ್ರೀ! ಈಕಿಗೆ ಬಸಿ ಅಂಟಸಾಂವನೇ ಸರಿ. ತಗೋರಿ ಬನ್ನಿ, ನಾವು ನೀವು ಬಂಗಾರದಂಗ ಇರೂಣು!"

ಮದುವೆ ಆಯಿತು. ಮೊದಲ ಸಲ ಅಳಿಯನಾಗಿ ಮಾವನ ಮನೆಗೆ ಹೋದಾಗ ಹೆಂಡತಿ ಸದ್ದಿಲ್ಲದೆ ನನ್ನನ್ನು ಅಡುಗೆಮನೆಗೆ ಕರೆದೊಯ್ದು, ಒಲೆಯ ಹಿಂದಿನ ಮೂಲೆ ತೋರಿಸಿದಳು. ಅಲ್ಲಿ ಸುಣ್ಣ ಸ್ವಲ್ಪ ಬಿರಿದಿತ್ತು. ಇಲಿ ಒಂದು ಮೂಲೆ ಕಡಿದಿತ್ತು. ಟೈಲ್ಸನ್ನು ಇಲಿ ಯಾಕೆ ಕಡಿಯುತ್ತದೆ ಎಂದು ನಾನು ಬಗ್ಗಿ ನೋಡಿದೆ.

"ಅಪ್ಪ ದೇವದುರ್ಗಕ್ಕ ಹೋದ ಮರುದಿನನ ಎರಡು ಬಿದ್ದು ಒಡದ್ವು," ಎಂದಳು. "ಏನ್ ಮಾಡ್ಲಿ? ಜೋಳದ ಹಿಟ್ಟು ನಾದಿ, ಚೌಕ ಮಾಡಿ, ದಪ್ಪನ್ನ ಎರಡು ರೊಟ್ಟಿ ಬಡದು ಆ ಸಂದಿಯೊಳಗ ಕುಂದ್ರಿಸಿದೆ. ಅವೆರಡಕ್ಕ ಅಷ್ಟೇ ಸುಣ್ಣ ಹಚ್ಚಿದ್ರ ಗುರ್ತು ಹತ್ತತದಂತ ಇಡೀ ಗ್ವಾಡಿಗಿ ಹಚ್ಚಿಬಿಟ್ಟೆ."

ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು.

"ನಿಮ್ಮ ಟೈಲ್ಸ್ ಬಿದ್ವು. ನನ್ನ ರೊಟ್ಟಿ ಬಿದ್ದಿಲ್ಲ ನೋಡ್ರಿ!"

ಅಪ್ಪನಿಗೆ ಹೇಳಿದಾಗ ಅವರು ಸುಣ್ಣದ ಚೀಲ ತಟ್ಟಿ, "ಕಡೀಕ ನಿನ್ನ ಮಾನ ಕಾಯ್ದದ್ದು ಯಾವುದು, ಹೇಳಲೇ ಬಿ.ಎ.!" ಎಂದರು. ಮಾವ ಕೊನೆಯವರೆಗೂ ಮಗಳು ದಡ್ಡಿ ಎಂದೇ ನಂಬಿದ್ದರು. ನಾವಿಬ್ಬರೂ ತಿದ್ದಲಿಲ್ಲ. ಇವತ್ತಿಗೂ ಮನೆಯಲ್ಲಿ ಜೋಳದ ರೊಟ್ಟಿ ಸ್ವಲ್ಪ ದಪ್ಪವಾದರೆ ನಾನು ಗೋಡೆಯ ಕಡೆ ನೋಡುತ್ತೇನೆ, ಅವಳು ಲಟ್ಟಣಿಗೆ ಎತ್ತುತ್ತಾಳೆ. ಗೋಡೆಯೊಳಗಿನ ಎರಡು ರೊಟ್ಟಿಯ ಮೇಲೆ ನನ್ನ ಸಂಸಾರ ನಿಂತದ್ದು ಸಾವಿರದ ಒಂಬೈನೂರಾ ಎಪ್ಪತ್ತೊಂಬತ್ತನೆಯ ಇಸವಿ, ವಿಜಯದಶಮಿಯ ದಿನ.