ಒಂಬತ್ತು ತಪ್ಪಿನ ಬಿಯರ್

ಇವತ್ತು ಯಾರ ಮೇಲೂ ಸಿಟ್ಟಾಗಬಾರದು ಎಂದು ಗಟ್ಟಿ ಮನಸ್ಸು ಮಾಡಿ ಮನೆಯ ಮೆಟ್ಟಿಲು ಇಳಿಯುತ್ತೇನೆ. ಎಲ್ಲೋ ಒಬ್ಬ ಅದಕ್ಕೇ ಕಾದು ಕೂತಿರುತ್ತಾನೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದಾಗ, ನನ್ನ ಸಿಟ್ಟಿಗೂ ನಿವೃತ್ತಿ ಸಿಕ್ಕಿತು ಎಂದುಕೊಂಡಿದ್ದೆ. ಆಮೇಲೆ ಬುದ್ಧಿಗೆಟ್ಟು ಬಿಯರ್ ರುಚಿ ನೋಡುವ ಕೆಲಸಕ್ಕೆ ಸೇರಿದೆ. ಅಂದಿನಿಂದ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಲೇ ಇದೆ.

ಮೂಗಿಗೆ ಸಿಕ್ಕ ನೌಕರಿ

ಕಾಳಿ ನದಿಯ ದಂಡೆಗೆ ಒಂದು ರೆಸಾರ್ಟ್. ಅದರ ಮಾಲಕ ಹುಬ್ಬಳ್ಳಿ ಕಡೆಯವ. ಪ್ರವಾಸಿಗರು ಬೆಳಿಗ್ಗೆ ರಬ್ಬರ್ ದೋಣಿ ಹತ್ತಿ ನದಿಗೆ ಇಳಿಯುತ್ತಾರೆ, ಮಧ್ಯಾಹ್ನ ತೋಯ್ದು ತೊಪ್ಪೆಯಾಗಿ ಬಂದು ಬಿಯರ್ ಕೇಳುತ್ತಾರೆ. ಪೇಟೆಯ ಬಾಟಲಿ ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಈ ಮನುಷ್ಯ ಅಲ್ಲೇ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕ್ ಕೂಡಿಸಿ ತನ್ನದೇ ಬಿಯರ್ ಮಾಡಿಸತೊಡಗಿದ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ನಡುವೆ ಪ್ರಯೋಗಕ್ಕೆಂದು ಇನ್ನೆರಡು. ಪ್ರತಿಯೊಂದನ್ನೂ ರುಚಿ ನೋಡಿ ಅಂಕ ಹಾಕಲು ಒಬ್ಬರು ಬೇಕಿತ್ತು. ಕಾರ್ಖಾನೆಯಲ್ಲಿ ಕಟ್ಟಿಗೆಯ ತಿರುಳು ಬೇಯುವಾಗ ವಾಸನೆಯಿಂದಲೇ ಹದ ತಪ್ಪಿದ್ದನ್ನು ಹೇಳುತ್ತಿದ್ದ ನನ್ನ ಮೂಗಿನ ಸುದ್ದಿಯನ್ನು ಯಾರೋ ಅವನ ಕಿವಿಗೆ ಹಾಕಿದರು.

ಅವನು ನಮ್ಮ ಮನೆಗೇ ಬಂದ. ನನ್ನ ಹೆಂಡತಿ ಚಹಾ ಕೊಟ್ಟು, "ಇವರಿಗೆ ಕುಡಿಯೂ ರೂಢಿ ಇಲ್ರಿ" ಅಂದಳು.

"ರೂಢಿ ಇದ್ದಾವ್ರು ಬ್ಯಾಡ್ರಿ ಅಕ್ಕಾರ. ಅವರು ಎಲ್ಲಾನೂ ಛಲೋ ಐತಿ ಅಂತಾರ. ನಮಗ ತಪ್ಪು ಹಿಡಿಯಾವ್ರು ಬೇಕು."

ಇವಳು ನನ್ನ ಮುಖ ಒಮ್ಮೆ ನೋಡಿದಳು. "ಹಂಗಾರ ಇವತ್ತ ಕರ್ಕೊಂಡ್ ಹೋಗ್ರಿ. ಮೂವತ್ತು ವರ್ಷ ನನ್ನ ಸಾರಿನಾಗ ಹಿಡಿದಾರ, ಈಗ ಸ್ವಲ್ಪ ದಿನ ನಿಮ್ಮ ಪಾಳಿ."

ತುರಿಕೆ

ಅಂಕ ಹಾಕುವುದು ನನಗೆ ಹೊಸದಲ್ಲ. ಕಾರ್ಖಾನೆಯಲ್ಲಿ ಹಾಳೆಯನ್ನು ಬೆಳಕಿಗೆ ಹಿಡಿದು ತಪ್ಪು ಎಣಿಸುತ್ತಿದ್ದೆವು. ಚುಕ್ಕೆಗೊಂದು ಗೀಟು, ತೂತಿಗೊಂದು, ಸುಕ್ಕಿಗೊಂದು. ಹತ್ತು ಗೀಟು ಬಿದ್ದರೆ ಆ ಮಾಲು ಮತ್ತೆ ತೊಟ್ಟಿಗೆ. ಒಂದೂ ತಪ್ಪಿಲ್ಲದ ಹಾಳೆಗೆ ಸೊನ್ನೆ. ಸೊನ್ನೆ ಬಂದ ದಿನ ಆ ಪಾಳಿಯವರೆಲ್ಲ ಎದೆ ಉಬ್ಬಿಸಿ ನಡೆಯುತ್ತಿದ್ದರು. ಬಿಯರಿಗೂ ಅದೇ ಪದ್ಧತಿ ಹಿಡಿದೆ. ಗೀಟು ಎಳೆದು, ಕೆಳಗೆ ಮೊತ್ತ ಬರೆದು, ಸಹಿ ಮಾಡಿ ಮಾಲಕನಿಗೆ ಕೊಡುತ್ತಿದ್ದೆ. ಇದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅದರಲ್ಲಿ?

ಬಿಯರ್ ಮಾಡುವವಳು ಹಳಿಯಾಳ ತಾಲೂಕಿನ ಸಿದ್ದಿ ಹೆಣ್ಣುಮಗಳು. ಧಾರವಾಡದಲ್ಲಿ ವಿಜ್ಞಾನ ಓದಿ, ಗೋವಾದ ಬಿಯರ್ ಕಾರ್ಖಾನೆಯಲ್ಲಿ ಆರು ವರ್ಷ ಕೆಲಸ ಮಾಡಿದವಳು. ಮಗಳು ಊರಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಳು. ತಾಯಿ ರಜೆಗೆ ಬಂದಾಗ ಆ ಮಗು ನೆಂಟರನ್ನು ನೋಡಿದಂತೆ ಬಾಗಿಲ ಸಂದಿಯಿಂದ ನೋಡುತ್ತಿತ್ತಂತೆ. ಅದಕ್ಕೇ ಗೋವಾ ಬಿಟ್ಟು ಬಂದಳು. ಮಾಲಕ ಒಂದು ವರ್ಷಕ್ಕೆಂದು ಕೆಲಸ ಕೊಟ್ಟು ಕರಾರು ಹಾಕಿದ. ಅವನು ಹೇಳಿದ್ದನ್ನೆಲ್ಲ ಮಾಡಬೇಕು. ಜೊತೆಗೆ ವರ್ಷದೊಳಗೆ ತನ್ನ ಸ್ವಂತ ಯೋಚನೆಯ ಬಿಯರ್ ಒಂದನ್ನು ಮಾಡಿ ನನ್ನಿಂದ ಒಂಬತ್ತು ಅಂಕ ತರಬೇಕು. ತಂದರೆ ನೌಕರಿ ಕಾಯಂ, ಇಲ್ಲವಾದರೆ ಮತ್ತೆ ಗೋವಾ. ಈ ಕರಾರು ನನಗೆ ತಿಳಿದದ್ದು ಬಹಳ ತಡವಾಗಿ.

ಮಳೆಗಾಲ ಬಂತು. ಮಾಲಕ ಕುಂಬಾರವಾಡದ ಕಡೆಯಿಂದ ಒಂದು ಚೀಲ ಕೆಸುವಿನ ಗೆಡ್ಡೆ ತರಿಸಿ, "ಇದನ್ನ ಹಾಕಿ ಮಾಡು" ಎಂದ. "ಗಂಟಲಾ ತುರಸ್ತೈತ್ರಿ" ಎಂದು ಅವಳು ಬೇಡಿಕೊಂಡಳು. ಕೇಳಲಿಲ್ಲ. ನಾನು ಒಂದು ಗುಟುಕು ಕುಡಿದೆ. ಎರಡು ದಿನ ಗಂಟಲು ಕೆರೆದುಕೊಂಡೆ. ಗಂಟಲನ್ನು ಹೊರಗಿನಿಂದ ಕೆರೆದರೆ ಏನೂ ಆಗುವುದಿಲ್ಲ ಎಂಬುದನ್ನು ಆಗ ಕಲಿತೆ. ಬಾಯಿಗೆ ಬಂದಂತೆ ಬೈದು ಒಂಬತ್ತು ಗೀಟು ಎಳೆದೆ. ಅದಕ್ಕೂ ಹೆಚ್ಚು ಹಾಕುತ್ತಿದ್ದೆ, ಬಣ್ಣ ಮಾತ್ರ ಪಾಪ ಚೆನ್ನಾಗಿತ್ತು.

ವಾರದ ನಂತರ ಹೋಗಿ ನೋಡಿದರೆ ಎಲ್ಲ ಮೇಜಿನ ಮೇಲೂ ಅದೇ ಬಿಯರ್. ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲವೇ ಎಂದು ಮೈ ಉರಿದುಹೋಯಿತು. ಬೆಂಗಳೂರಿನ ಒಬ್ಬ ಪ್ರವಾಸಿ ಲೋಟ ಎತ್ತಿ ತೋರಿಸಿ, "ಗಂಟಲಲ್ಲಿ ಏನೋ ಜುಮ್ ಅನ್ನುತ್ತೆ ಸಾರ್, ಸೂಪರಾಗಿದೆ" ಎಂದ.

"ಜುಮ್ ಅಲ್ರಿ ಅದು, ತುರಿಕಿ."

"ಹೌದಾ? ನಿಮ್ಮ ಕಾಡಲ್ಲೇ ಬೆಳೆಯುತ್ತಾ ಸಾರ್ ಅದು?"

ಹೊಸಬರು

ಒಂದು ದಿನ ಬಾಗಿಲಲ್ಲಿ ಹೊಸ ಫಲಕ. 'ಆಫ್ರಿಕದ ನುರಿತ ಕೈಗಳಿಂದ ತಯಾರಾದ ಬಿಯರ್' ಎಂದು ಮಾಲಕ ಬರೆಸಿದ್ದ. ನನಗೆ ಕಣ್ಣು ಕತ್ತಲೆ ಬಂತು. ಸಿದ್ದಿಗಳ ಹಿರೀಕರು ಎಂದೋ ಆಫ್ರಿಕದಿಂದ ಬಂದವರು ನಿಜ, ಆದರೆ ಅವಳಪ್ಪ ಹಳಿಯಾಳದ ಸಂತೆಯಲ್ಲಿ ಎತ್ತು ಮಾರುತ್ತಿದ್ದವರು. "ಈ ಕೈ ಹಳಿಯಾಳದ್ದು, ಮೊದಲು ಅದನ್ನ ಅಳಸ್ರಿ" ಎಂದೆ. "ಹಳಿಯಾಳ ಅಂತ ಬರದ್ರ ಯಾರ್ ಕುಡೀತಾರ್ರಿ ಸರ" ಎಂದ. ನಾವಿಬ್ಬರೂ ಜಗಳ ಆಡುತ್ತಿದ್ದರೆ ಅವಳು ತನ್ನ ಪಾಡಿಗೆ ಟ್ಯಾಂಕ್ ತೊಳೆಯುತ್ತಿದ್ದಳು.

ಫಲಕ ಓದಿಕೊಂಡ ಒಬ್ಬ ಪ್ರವಾಸಿ ಅವಳ ಬಳಿ ಹೋಗಿ, ಬಹಳ ಮರ್ಯಾದೆಯಿಂದ, ಒಂದೊಂದೇ ಅಕ್ಷರ ಬಿಡಿಸಿ, "ನೀವು ನಮ್ಮ ದೇಶಕ್ಕೆ ಬಂದು ಎಷ್ಟು ದಿನ ಆಯ್ತು?" ಎಂದು ಕೇಳಿದ.

"ಮೂರ್ನಾಕ್ ನೂರು ವರ್ಷ ಆಗಿರಬೇಕ್ರಿ," ಅಂದಳು. "ನೀವು ಎಲ್ಲಿಯವ್ರು?"

"ಬೆಂಗಳೂರು. ಅಲ್ಲಿಗೆ ಬಂದು ಎಂಟು ವರ್ಷ ಆಯ್ತು."

"ಹಂಗಾರ ನೀವಿನ್ನೂ ಹೊಸಬ್ರು. ಹೊಂದ್ಕೋತೀರಿ ಬಿಡ್ರಿ."

ಕುದುರೆಯ ಕಂಬಳಿ

ಊರೂರು ತಿರುಗಿ ಬಿಯರ್ ಕುಡಿದು, ಮೊಬೈಲಿನಲ್ಲಿ ನಕ್ಷತ್ರ ಕೊಡುವ ಜನ ಇದ್ದಾರೆ. ಅಂಥ ನಾಲ್ವರು ಬಂದರು. ಕುತ್ತಿಗೆಗೆ ಪುಟ್ಟ ಪುಸ್ತಕ ನೇತುಹಾಕಿಕೊಂಡಿದ್ದರು. ಮಾಲಕ ನನ್ನನ್ನೂ ಅವರ ಪಕ್ಕಕ್ಕೆ ಕೂಡಿಸಿದ. ಒಬ್ಬ ಲೋಟದೊಳಗೆ ಮೂಗು ತೂರಿಸಿ, ಕಣ್ಣು ಮುಚ್ಚಿ, "ಒದ್ದೆ ಕಂಬಳಿ" ಎಂದ. ಇನ್ನೊಬ್ಬ, "ಕುದುರೆಯ ಕಂಬಳಿ" ಎಂದ. ಮೂರನೆಯವನು ಇನ್ನೂ ಆಳಕ್ಕೆ ಮೂಸಿ, "ಹಳೇ ಚಪ್ಪಲಿ ಕೂಡ ಇದೆ" ಎಂದ. ಬೈಯುತ್ತಿದ್ದಾರೆ ಎಂದುಕೊಂಡು ನನಗೂ ಸಮಾಧಾನವಾಯಿತು. ನೋಡಿದರೆ ಅದೆಲ್ಲ ಹೊಗಳಿಕೆ. ನಾಲ್ಕೂ ಜನ ಐದೈದು ನಕ್ಷತ್ರ ಒತ್ತಿದರು.

ನಾನು ಲೋಟ ಮೂಸಿದೆ. ಅದರಲ್ಲಿ ಕಂಬಳಿಯೂ ಇಲ್ಲ, ಕುದುರೆಯೂ ಇಲ್ಲ. ಆದರೆ ವಾಸನೆ ಮಾತ್ರ ಗಮ್ಮೆನ್ನುತ್ತಿತ್ತು. ತಿರುಗಿ ನೋಡಿದೆ. ಅವರ ತಲೆಯ ಹಿಂದೆಯೇ, ನದಿಗೆ ಇಳಿದವರು ಬಿಚ್ಚಿಟ್ಟ ಲೈಫ್ ಜಾಕೆಟುಗಳನ್ನು ಸಾಲಾಗಿ ಒಣಹಾಕಿದ್ದರು. ಇಡೀ ಮಳೆಗಾಲ ಒಣಗದೆ ಇದ್ದವು. ಎದ್ದುಹೋಗಿ ಒಂದನ್ನು ಕಿತ್ತು ತಂದು ಮೇಜಿನ ಮೇಲೆ ಬಡಿದೆ. "ತಗೋರಿ ನಿಮ್ಮ ಐದು ನಕ್ಷತ್ರ."

ಮಾಲಕ ಅವತ್ತು ನನ್ನ ಜೊತೆ ಮಾತಾಡಲಿಲ್ಲ. ಮರುದಿನ ಹೋಗುವಾಗ ಜಾಕೆಟುಗಳನ್ನು ತೆಗೆದಿರಬಹುದು ಎಂದುಕೊಂಡೆ. ಉಳಿದ ಮೇಜುಗಳ ಹಿಂದೆಯೂ ನಾಲ್ಕು ನಾಲ್ಕು ನೇತುಹಾಕಿಸಿದ್ದ.

ಸೊನ್ನೆ

ವರ್ಷ ಮುಗಿಯಲು ಎರಡು ತಿಂಗಳಿದ್ದಾಗ ಅವಳು ತನ್ನ ಸ್ವಂತ ಬಿಯರ್ ಇಟ್ಟಳು. ಜೋಯಿಡಾ ಕಡೆಯ ಮುರುಗಲ ಹಣ್ಣಿನ ಒಣಸಿಪ್ಪೆ ಹಾಕಿ ಮಾಡಿದ್ದು. ತಿಳಿಯಾದ ಕೆಂಪು, ಹದವಾದ ಹುಳಿ, ಕೊನೆಗೆ ಎಲ್ಲಿಂದಲೋ ಬಂದು ಸುಮ್ಮನೆ ಹೋಗುವ ಕಹಿ. ತಪ್ಪು ಹುಡುಕಿದೆ. ಇನ್ನೊಂದು ಗುಟುಕು ಕುಡಿದು ಮತ್ತೆ ಹುಡುಕಿದೆ. ಸಿಗಲಿಲ್ಲ. ನನಗೆ ಬೈಯಲು ಬರುತ್ತದೆ, ಹೊಗಳಲು ಬರುವುದಿಲ್ಲ. ಲೋಟವನ್ನು ನಾನೇ ತೊಳೆದಿಟ್ಟೆ, ಸೊನ್ನೆ ಬರೆದು ಸಹಿ ಹಾಕಿದೆ, ಮಾತಾಡದೆ ಮನೆಗೆ ಬಂದೆ. ಅವತ್ತು ಸಾರು ಚೆನ್ನಾಗಿದೆ ಎಂದೆ. ಹೆಂಡತಿ ಹಣೆ ಮುಟ್ಟಿ ಜ್ವರ ನೋಡಿದಳು.

ಮರುದಿನ ಹೋದರೆ ಆ ಬಿಯರನ್ನು ಗಟಾರಕ್ಕೆ ಬಿಡುತ್ತಿದ್ದರು. ಅವಳು ಪಕ್ಕದಲ್ಲಿ ನಿಂತು ಹರಿಯುವುದನ್ನು ನೋಡುತ್ತಿದ್ದಳು. ನಾನು ಓಡಿಹೋಗಿ ಮಾಲಕನ ಅಂಗಿ ಹಿಡಿದೆ.

"ನೀವ ಸೊನ್ನಿ ಹಾಕೀರಲ್ರಿ ಸರ. ಒಂಬತ್ತು ತಂದ್ರ ಕಾಯಂ, ಇಲ್ಲಾಂದ್ರ ಗೋವಾ ಅಂತ ಕರಾರ ಇತ್ತು ಆಕೀಗೆ" ಎಂದ.

"ಸೊನ್ನಿ ಅಂದ್ರ ಏನು?"

"ಸೊನ್ನಿ ಅಂದ್ರ ಸೊನ್ನಿ ರೀ. ಸಾಲ್ಯಾಗ ತಂದ್ರ ನಮ್ಮಪ್ಪ ಬಡೀತಿದ್ದ."

"ಒಂದೂ ತಪ್ಪಿಲ್ಲ ಅಂತ್ರೀ ಸೊನ್ನಿ ಅಂದ್ರ."

ಅವನು ಅಂಗಿ ಬಿಡಿಸಿಕೊಂಡ. "ಹಂಗಾರ ಕೆಸುವಿಗೆ ಹಾಕಿದ್ದು?"

"ಒಂಬತ್ತು ತಪ್ಪು. ಹತ್ತಾಗಿದ್ರ ಚೆಲ್ರಿ ಅಂತ ಅರ್ಥ."

ಒಂದು ವರ್ಷ ನನ್ನ ಮಾತು ಯಾರೂ ಕೇಳುತ್ತಿಲ್ಲ ಎಂದು ಕುದಿದಿದ್ದೆ. ಇವರು ಅಕ್ಷರಕ್ಕೆ ಅಕ್ಷರ ಕೇಳಿದ್ದರು. ಕೆಟ್ಟದ್ದನ್ನೆಲ್ಲ ಮಾರಿದ್ದರು, ಒಳ್ಳೆಯದನ್ನು ಚೆಲ್ಲಿದ್ದರು, ಮಗುವಿಗಾಗಿ ಊರಿಗೆ ಬಂದವಳನ್ನು ನನ್ನದೇ ಸಹಿ ಮತ್ತೆ ಗೋವಾಕ್ಕೆ ಕಳಿಸುತ್ತಿತ್ತು. ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯದೆ ಹೋದದ್ದು ಜೀವನದಲ್ಲಿ ಅದೊಂದೇ ಸಲ.

ಅವನು ಹಣೆ ಬಡಿದುಕೊಳ್ಳುತ್ತಾನೆ ಎಂದುಕೊಂಡೆ. ಅವನ ಮುಖ ಅರಳಿತು. "ಸರ, ಜನ ಕೇಳಿ ಕೇಳಿ ಕುಡಿದದ್ದೆಲ್ಲಾ ನೀವು ಎಂಟು ಒಂಬತ್ತು ಹಾಕಿದ್ದ. ನಿಮಗ ಸಿಟ್ಟು ಬಂದಷ್ಟೂ ಅವರಿಗೆ ಸೇರ್ತೈತಿ. ಪದ್ಧತಿ ಬದಲ ಮಾಡಬ್ಯಾಡ್ರಿ, ಕೈ ಮುಗೀತೇನಿ."

"ಇಕಿ ನೌಕರಿ?"

"ಒಂಬತ್ತು ತರ್ಲಿ, ಅವತ್ತ ಕಾಯಂ. ಸರ, ನಿಮಗ ಸೇರೂ ಬಿಯರ್ ಇಟ್ಕೊಂಡು ನಾ ಏನ್ ಮಾಡ್ಲಿ, ನಿಮ್ಮ ಮನೀಗೆ ನಳಾ ಹಾಕಿ ಬಿಡ್ಲೇನು?"

ಹತ್ತಕ್ಕೆ ಹತ್ತು

ಅವಳು ಅಳುತ್ತಾಳೆ ಎಂದು ಹೆದರುತ್ತಲೇ ಬಳಿಗೆ ಹೋದೆ. ಅವಳು ಎಲ್ಲ ಕೇಳಿಸಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದಳು. "ಕಾಕಾ, ನಿಮ್ಮ ಬಾಯಿ ಬಿರುಸು, ಕೈ ಉದಾರ ಅಂತ ತಿಳ್ಕೊಂಡಿದ್ದೆ ನಾ."

"ತಂಗಿ, ನಾ ಸುಳ್ಳು ಅಂಕ ಮಾತ್ರ ಹಾಕೂದಿಲ್ಲ. ಸತ್ರೂ ಹಾಕೂದಿಲ್ಲ."

"ಹಾಕಬ್ಯಾಡ್ರಿ. ನಾ ಖರೇನ ಕೆಡಸ್ತೇನಿ. ನಿಮಗ ಯಾವ್ಯಾವುದರ ಮ್ಯಾಲೆ ಸಿಟ್ಟು ಐತಿ, ಅಷ್ಟ ಹೇಳ್ರಿ."

ಹೇಳುತ್ತ ಹೋದೆ, ಸಂಜೆಯಾಯಿತು. ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ತಿಂಗಳ ನಂತರ ಲೋಟ ನನ್ನ ಮುಂದೆ ಬಂತು. ಊಟದ ಪಡಸಾಲೆಯಲ್ಲಿ ಪ್ರವಾಸಿಗರು ತುಂಬಿದ್ದರು. ಮಾಲಕ ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದ. ಬಿಯರಿನ ಬಣ್ಣ ಮದುವೆ ಮನೆಯ ಗುಲಾಬಿ ಶರಬತ್ತಿನದು. ಮೇಲೆ ನಾಲ್ಕಾರು ಕೆಂಪಿರುವೆ ಕಾಲು ಚಾಚಿ ತೇಲುತ್ತಿದ್ದವು. ಕುಡಿದೆ. ಇಂಗು ತಿಂದ ಮಂಗನಂತಾದೆ, ಏಕೆಂದರೆ ಅದರಲ್ಲಿ ಇಂಗೂ ಇತ್ತು.

"ಇದೇನ್ ಬಣ್ಣ, ಲಗ್ನದ ಪೆಂಡಾಲೇನು," ಎಂದು ಒಂದು ಗೀಟು ಎಳೆದೆ. "ನೊರಿ ಎಲ್ಲೈತಿ? ಇರುವಿ ಕುಡದಾವೇನು?" ಎರಡು. ಸಿಹಿಗೊಂದು, ಇಂಗಿಗೊಂದು, ತಳದಲ್ಲಿ ಕೂತ ರಾಡಿಗೊಂದು. ಬೈದು ಬೈದು ಗಂಟಲು ಒಣಗಿತು. ಎಂಟಕ್ಕೆ ನಿಂತು ನೀರು ಕುಡಿದೆ.

ಅವಳು ಬಗ್ಗಿ ಮೆಲ್ಲಗೆ, "ಕಾಕಾ, ಎಂಟ ಆಗ್ಯಾವ. ಇನ್ನೊಂದು ನೋಡ್ರಿ, ಎಲ್ಲೆರೆ ಇರ್ತೈತಿ" ಅಂದಳು.

ಮತ್ತೆ ಕುಡಿದೆ. ಸುಳ್ಳು ಹಾಕುವಂತಿಲ್ಲ, ತಪ್ಪುಗಳು ಮುಗಿದುಹೋಗಿವೆ. ಮೇಜಿಗೆ ಊರಿದ್ದ ಅವಳ ಕೈ ನೋಡಿದೆ. ಗಟಾರದಲ್ಲಿ ಹರಿದುಹೋದದ್ದನ್ನು ಮಾಡಿದ್ದೂ ಆ ಕೈಯೇ. ನನಗೆ ನಿಜವಾದ ಸಿಟ್ಟು ಬಂದದ್ದು ಆಗಲೇ. "ಒಂಬತ್ತು," ಎಂದೆ. "ಛಲೋ ಬಿಯರ್ ಮಾಡಾಕ ಬರೂ ಕೈಲೆ ಇಂಥಾದ್ದು ಮಾಡಿಸಿದ್ದು."

ಅವಳು ತಲೆ ತಗ್ಗಿಸಿದಳು. ಮಾಲಕ ಹಲ್ಲು ಕಿರಿದು, "ಒಂಬತ್ತಾತು. ನಾಳೆ ಬಂದು ಕಾಯಂ ಆದ ಕಾಗದ ತಗೊಂಡ್ ಹೋಗವ್ವಾ" ಎಂದ. ಆ ನಗು ನೋಡಿ ನನ್ನ ತಾಳ್ಮೆ ಪೂರಾ ಹೋಯಿತು. ಹಾಳೆ ಹರಿಯುವಂತೆ ಇನ್ನೊಂದು ಗೀಟು ಎಳೆದೆ. "ಹತ್ತನೇ ತಪ್ಪು ನೀವು. ಇದನ್ನ ಮಾರೂ ಮನುಷ್ಯಾ."

ಅವನಿಗೆ ಕಣ್ಣಲ್ಲಿ ನೀರು ಬಂತು. ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, ತಲೆಯ ಮೇಲೆತ್ತಿ ಇಡೀ ಪಡಸಾಲೆಗೆ ತೋರಿಸಿದ. "ಹತ್ತಕ್ಕ ಹತ್ತು. ನಮ್ಮ ಸರ ಇಲ್ಲೀತನಕ ಯಾವ ಬಿಯರಿಗೂ ಹಾಕಿಲ್ಲ."

ಪ್ರವಾಸಿಗರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿ, ನನಗೂ ಒಂದು ಲೋಟ ಅದನ್ನೇ ತರಿಸಿಕೊಟ್ಟರು.